ಹಿಂದೆ ಕಾಲು ಚಾಚುವಷ್ಟು ಜಾಗ

ಹಾಸನದ ಬಿ.ಎಂ. ರಸ್ತೆಯಲ್ಲಿರುವ ಹಳೇ ಕಾರುಗಳ ಅಂಗಡಿಗೆ ನಾಲ್ಕು ಜನ ಹೋಗಿದ್ದರು. ಕಾರು ಕೊಳ್ಳುವವನು ಮನೋಹರ ಒಬ್ಬನೇ. ಉಳಿದವರು ಆ ಕಾರಿನಲ್ಲಿ ದಿನಾ ಓಡಾಡಬೇಕಾದವರು: ಇಂಗ್ಲಿಷ್ ಮೇಷ್ಟ್ರು ವರದರಾಜ, ಇತಿಹಾಸದ ಚೂಡಾಮಣಿ ಮೇಡಂ, ಲೈಬ್ರರಿಯ ಸಿದ್ದೇಶ್ವರ. ನಾಲ್ವರೂ ಹಿರೀಸಾವೆಯ ಆಚೆ, ಹೈವೇ ಪಕ್ಕದ ಒಂದು ಪದವಿ ಕಾಲೇಜಿನಲ್ಲಿ ಕೆಲಸಕ್ಕಿದ್ದರು. ನಾಲ್ವರ ಮನೆಯೂ ಹಾಸನದಲ್ಲೇ ಇತ್ತು.

"ಹೋಗ್ತಾ ಬರ್ತಾ ನೂರಿಪ್ಪತ್ತು ಕಿಲೋಮೀಟರ್ ಆಗುತ್ತೆ. ಪೆಟ್ರೋಲ್ ಗಾಡಿ ತಗೊಂಡ್ರೆ ಅದಕ್ಕೆ ಕುಡಿಸೋದೇ ಒಂದು ಸಂಸಾರ ಆಗುತ್ತೆ ಕಣ್ರೀ," ಎಂದು ವರದರಾಜ ಒಂದು ತಿಂಗಳಿಂದ ಹೇಳುತ್ತಿದ್ದರು. ಡೀಸೆಲ್ ಎಂಜಿನ್ನಿನ ಸಣ್ಣ ಕಾರುಗಳನ್ನು ಕಂಪನಿಗಳು ಮಾಡುವುದನ್ನೇ ಹೆಚ್ಚುಕಡಿಮೆ ಬಿಟ್ಟಿದ್ದವು. ಅಂಗಡಿಯ ರುದ್ರಯ್ಯನ ಹತ್ತಿರ ಎರಡು ಇದ್ದವು. ಒಂದು ಬೆಳ್ಳಿ ಬಣ್ಣದ್ದು, ಇನ್ನೊಂದು ಬಿಳಿಯದು. ಎರಡಕ್ಕೂ ಹೊಸ ಸೀಟ್ ಕವರ್ ಹಾಕಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದ.

ಮನೋಹರ ಎರಡನ್ನೂ ಬೈಪಾಸಿನ ತನಕ ಓಡಿಸಿ ನೋಡಿದ. ಬೆಳ್ಳಿ ಬಣ್ಣದ್ದು ನೂರು ದಾಟಿದರೂ ರಸ್ತೆ ಕಚ್ಚಿಕೊಂಡು ಹೋಗುತ್ತಿತ್ತು. ಬ್ರೇಕು ಹೇಳಿದಲ್ಲಿ ನಿಲ್ಲಿಸುತ್ತಿತ್ತು. ಬಿಳಿಯದರ ಎಂಜಿನ್ ಸದ್ದು ಜಾಸ್ತಿ. ಲಾರಿ ಪಕ್ಕದಲ್ಲಿ ಹಾದರೆ ಸ್ಟೇರಿಂಗು ಅಲುಗುತ್ತಿತ್ತು. ಎರಡು ಸಲವೂ ಮೂವರು ಹಿಂದೆ ಕೂತಿದ್ದರು. ಮುಂದೆ ರುದ್ರಯ್ಯ.

"ಬಿಳೀದೇ ತಗೊಳ್ರೀ. ಹಿಂದೆ ಕಾಲು ಚಾಚುವಷ್ಟು ಜಾಗ ಇದೆ," ಎಂದರು ವರದರಾಜ. ಚೂಡಾಮಣಿ ಮೇಡಂ ಹಿಂದಿನ ಏಸಿ ಕಿಂಡಿಗೆ ಕೈ ಹಿಡಿದು ನೋಡಿ ಹೌದೆಂದರು. ಸಿದ್ದೇಶ್ವರ ಎರಡು ಸಲ ಹತ್ತಿ ಇಳಿದು, ಮಂಡಿ ತಾಗುವುದಿಲ್ಲ ಎಂದ.

"ಹೈವೇಗೆ ಬೆಳ್ಳಿದು ಗಟ್ಟಿ ಅನ್ಸುತ್ತೆ ಸಾರ್," ಎಂದ ಮನೋಹರ.

"ಗಟ್ಟಿ ಯಾಕ್ರೀ, ನೀವೇನು ರೇಸಿಗೆ ಹೋಗ್ತೀರಾ? ಕೂರೋರು ನಾವಲ್ವಾ? ಅಂದಹಾಗೆ, ನಿಮಗೆ ಕಾರಿಗೂ ಸಬ್ಸಿಡಿ ಉಂಟೇನೋ, ವಿಚಾರಿಸಿ ನೋಡಿ."

ಸಿದ್ದೇಶ್ವರ ನಕ್ಕ. ಮನೋಹರನೂ ನಕ್ಕ. ರುದ್ರಯ್ಯ ವ್ಯಾಪಾರ ಕುದುರಿತೆಂದು ತಿಳಿದು ಬಿಳಿಯ ಕಾರಿನ ಹಿಂಬಾಗಿಲು ಎತ್ತಿ, ಹಿಂದಿನ ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿ ತೋರಿಸಿದ. "ನೋಡಿ ಸಾ, ಇಂಗ್ ಮಲಗುಸ್ಬುಟ್ರೆ ಒಂದು ಫ್ರಿಜ್ಜೇ ಇಡೀತದೆ. ಡೀಸೆಲ್ ಗಾಡಿ, ದಿನಾ ಓಡುಸ್ತಾ ಇರಿ. ನಿಲ್ಸಿದ್ರೇನೆ ಕೆಡೋದು."

ಮನೋಹರ ಮಲ್ಲಿಪಟ್ಟಣದ ಹತ್ತಿರದ ಒಂದು ಊರಿನ ಕೇರಿಯಿಂದ ಬಂದವನು. ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದ. ಅವನು ಕಾಲೇಜಿಗೆ ಸೇರಿದಾಗ ಈ ಮೂವರೂ ವರದರಾಜರ ಕಾರಿನಲ್ಲಿ ಹೋಗಿಬರುತ್ತಿದ್ದರು. ಡೇರಿ ಸರ್ಕಲ್ಲಿನಲ್ಲಿ ಅವನು ಬಸ್ಸಿಗೆ ಕಾಯುವಾಗ ಆ ಕಾರು ಎದುರಿಗೇ ಹಾದು ಹೋಗುತ್ತಿತ್ತು. ಒಮ್ಮೆ ಬಾಯಿಬಿಟ್ಟು ಕೇಳಿದ್ದ. "ಜಾಗ ಇಲ್ಲ ಕಣ್ರೀ," ಎಂದಿದ್ದರು ವರದರಾಜ. ಹಿಂದಿನ ಸೀಟಿನಲ್ಲಿ ಚೂಡಾಮಣಿ ಮೇಡಂ ಒಬ್ಬರೇ ಕೂತಿರುವುದು ಅವನಿಗೆ ದಿನಾ ಕಾಣುತ್ತಿತ್ತು. ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡು ಹೋದ. ಅವನು ಬಾಡಿಗೆ ಮನೆ ಬದಲಾಯಿಸಿ ಊಟಕ್ಕೆ ಕರೆದಾಗ ಮೂವರೂ ಬಂದಿದ್ದರು. ಗೋಡೆಯ ಮೇಲಿನ ಬುದ್ಧನನ್ನೂ ಬಾಬಾಸಾಹೇಬರನ್ನೂ ನೋಡಿ, ತಾವೇ ತಂದ ಬಾಟಲಿಯ ನೀರು ಕುಡಿದು, ಹೊಟ್ಟೆ ಸರಿಯಿಲ್ಲ ಎಂದು ಎದ್ದಿದ್ದರು.

ಈಗ ವರದರಾಜರಿಗೆ ಕಣ್ಣಿನ ಆಪರೇಷನ್ ಆಗಿ, ಹೈವೇಯಲ್ಲಿ ಗಾಡಿ ಓಡಿಸಕೂಡದು ಎಂದು ಡಾಕ್ಟರು ಹೇಳಿದ್ದರು. ಅವರು ತಾವಾಗಿ ಸ್ಟಾಫ್‌ರೂಮಿನಲ್ಲಿ ಮನೋಹರನ ಪಕ್ಕ ಬಂದು ಕೂತು, "ನೀವೊಂದು ಕಾರು ತಗೊಳ್ಳಿ. ನಾವೆಲ್ಲ ಇದೀವಲ್ಲ, ಡೀಸೆಲ್ಲಿಗೆ ಪಾಲು ಹಾಕೋಣ," ಎಂದಿದ್ದರು. ಆ 'ನಾವೆಲ್ಲ'ದಲ್ಲಿ ತಾನೂ ಒಬ್ಬ ಎಂದು ಮನೋಹರ ತಿಳಿದ. ಕಾರಿನ ಸಾಲಕ್ಕೆ ಸಹಿ ಹಾಕುವಾಗ ಅವನು ಯೋಚಿಸುತ್ತಿದ್ದದ್ದು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಾಲ್ವರೂ ಮಾತಾಡಿಕೊಂಡು ಹೋಗುವುದನ್ನು. ಬಿಳಿಯ ಕಾರನ್ನೇ ತಂದ.

ಮೊದಲ ದಿನ ಡೇರಿ ಸರ್ಕಲ್ಲಿನಲ್ಲಿ ಅವನು ಬಗ್ಗಿ ಮುಂದಿನ ಬಾಗಿಲು ತೆಗೆದು, "ಮೇಡಂ, ಇಲ್ಲಿ ಆರಾಮಾಗಿ ಕೂತ್ಕೊಳ್ಳಿ," ಎಂದ.

"ಬೇಡಪ್ಪ, ಬೆಲ್ಟು ಕುತ್ತಿಗೆಗೆ ಉಜ್ಜುತ್ತೆ," ಎಂದು ಚೂಡಾಮಣಿ ಮೇಡಂ ಹಿಂದೆ ಹತ್ತಿದರು. ವರದರಾಜರಿಗೆ ಎದುರು ಬೆಳಕು ಕಣ್ಣಿಗೆ ಆಗುವುದಿಲ್ಲ. ಸಿದ್ದೇಶ್ವರನಿಗೆ ಏನೂ ಕಾರಣವಿರಲಿಲ್ಲ. ಅವರ ಹಿಂದೆಯೇ ನುಗ್ಗಿ ಬಾಗಿಲು ಹಾಕಿಕೊಂಡ. ಮೇಡಮ್ಮಿಗೂ ಗಂಡಸರಿಗೂ ನಡುವೆ ಊಟದ ಚೀಲಗಳನ್ನು ಒಟ್ಟಿದರು. ಮುಂದಿನ ಸೀಟು ಖಾಲಿ ಇತ್ತು. ಅಲ್ಲಿ ಚೀಲ ಕೂಡ ಇಡಲಿಲ್ಲ.

ಅವರು ಪ್ರಮೋಷನ್ನು, ಮಗಳ ಮದುವೆ, ಪ್ರಿನ್ಸಿಪಾಲರ ಹೆಂಡತಿಯ ಬಗ್ಗೆ ಮಾತಾಡುತ್ತಿದ್ದರು. ಮನೋಹರ ನಡುವೆ ಏನಾದರೂ ಹೇಳಬೇಕಾದರೆ ಕನ್ನಡಿ ನೋಡಿ ಹೇಳಬೇಕಿತ್ತು. ಎಂಜಿನ್ ಸದ್ದಿಗೆ ಅದು ಹಿಂದಕ್ಕೆ ಸರಿಯಾಗಿ ಕೇಳಿಸುತ್ತಿರಲಿಲ್ಲ. "ಏನಂದ್ರೀ?" ಎಂದು ಒಂದು ಸಲ ಕೇಳಿ ಮತ್ತೆ ತಮ್ಮ ಮಾತಿಗೆ ಹೋಗುತ್ತಿದ್ದರು. ಕೆಲವು ದಿನಗಳಲ್ಲಿ ಅವನು ಹೇಳುವುದನ್ನು ಬಿಟ್ಟ. ಏಸಿ ಜಾಸ್ತಿ ಮಾಡಿ, ಕಮ್ಮಿ ಮಾಡಿ, ಬೇಕರಿ ಹತ್ತಿರ ಸ್ವಲ್ಪ ನಿಲ್ಲಿಸಿ ಎನ್ನುವ ಮಾತುಗಳು ಮಾತ್ರ ಅವನಿಗೆ ಬರುತ್ತಿದ್ದವು.

ಒಂದು ಭಾನುವಾರ ಕಾರನ್ನು ಊರಿಗೆ ತೆಗೆದುಕೊಂಡು ಹೋದ. ಅವನಪ್ಪ ಚಿಕ್ಕಯ್ಯ ಚಪ್ಪಲಿ ಕೊಡವಿಕೊಂಡು ಮುಂದಿನ ಸೀಟಿನಲ್ಲಿ ಕೂತ. ಪ್ಲಾಸ್ಟಿಕ್ಕು ಚರಚರ ಎಂದಿತು. ಹಿಂದಕ್ಕೆ ತಿರುಗಿ ನೋಡಿದ.

"ಇಂದ್ಲ ಸೀಟ್ನ ಪ್ಲಾಸ್ಟಿಕ್ ಅರ್ದು ಚಿಂದಿ ಆಗದೆ. ಮುಂದ್ಲುದು ಅಂಗೇ ಅದಲ್ಲ?"

"ಅವ್ರೆಲ್ಲ ಇಂದೇನೇ ಕೂರ್ತಾರೆ ಕಣಪ್ಪ. ಮಾತಾಡಕ್ಕೆ ಅನುಕೂಲ ಅಂತ."

"ಮೂರು ಜನ್ವೂ?"

"ಊಂ."

ಚಿಕ್ಕಯ್ಯ ಬೀಡಿ ತೆಗೆದವನು ಕಾರು ಎಂದು ನೆನಪಾಗಿ ಜೇಬಿಗೆ ಹಾಕಿದ. "ನಮ್ಮಪ್ಪ ಪಟೇಲ್ರ ಕಮಾನ್ ಗಾಡಿ ಒಡೀತಿದ್ದ. ಅವ್ನೂ ಮುಂದ್ಗಡೆ ಒಬ್ನೇ ಕೂರೋನು. ಆದ್ರೆ ಗಾಡಿ, ಎತ್ತು ಎಲ್ಡೂ ಪಟೇಲ್ರವು. ನೀನು ಸಾಲ ಮಾಡಿ ಒಡೀತಿದ್ದೀಯ ಕಣ್ಲಾ."

"ಸುಮ್ಕಿರು ನೀನು. ಮಗ ಕಾರ್ ತಂದವ್ನೆ, ಅದ್ಕೂ ಒಂದು ಕೊಂಕು," ಎಂದು ಬಾಗಿಲಲ್ಲಿ ನಿಂತಿದ್ದ ತಾಯಿ ಮುದ್ದಮ್ಮ ಗದರಿದಳು.

ಮಾರನೆಯ ವಾರ ಕಾಲೇಜಿಗೆ ವಂಶಿ ಎಂಬ ಅತಿಥಿ ಉಪನ್ಯಾಸಕ ಬಂದ. ಹೊಳೆನರಸೀಪುರದವನು. ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಬಂದು, ಬೈಪಾಸಿನಲ್ಲಿ ಇವರ ಕಾರು ಹತ್ತುವುದೆಂದು ವರದರಾಜರೇ ಗೊತ್ತುಮಾಡಿದರು. ಮೊದಲ ದಿನ ಅವನು ಮುಂದಿನ ಬಾಗಿಲು ತೆಗೆದು ಮನೋಹರನ ಪಕ್ಕ ಕೂತ. ತಕ್ಷಣ ಗಾಡಿ ಪೀ ಪೀ ಎಂದು ಕೂಗತೊಡಗಿತು.

"ಬೆಲ್ಟ್ ಹಾಕ್ಕೊಳಿ. ಅಲ್ಲಿ ಭಾರ ಬಿದ್ರೆ ಕೂಗುತ್ತೆ," ಎಂದ ಮನೋಹರ. ತನ್ನ ಕಾರಿಗೆ ಈ ಸದ್ದಿದೆ ಎಂಬುದೇ ಅವನಿಗೆ ಮರೆತಿತ್ತು.

ವಂಶಿ ಮಾತುಗಾರ. ಡೀಸೆಲ್ ಎಷ್ಟು ಮೈಲೇಜ್ ಕೊಡುತ್ತದೆ, ಐದನೇ ಗೇರು ಯಾವಾಗ ಹಾಕುತ್ತೀರಿ ಎಂದೆಲ್ಲ ಕೇಳಿದ. ಹಿರೀಸಾವೆ ಬಂದದ್ದೇ ಮನೋಹರನಿಗೆ ಗೊತ್ತಾಗಲಿಲ್ಲ.

ಮರುದಿನವೂ ವಂಶಿ ಮುಂದಿನ ಬಾಗಿಲಿಗೆ ಕೈ ಹಾಕಿದ. ವರದರಾಜ ಹಿಂದಿನ ಗಾಜು ಇಳಿಸಿದರು. "ಲೋ, ಅಲ್ಲೇನೋ ನಿಂಗೆ? ನಿಮ್ಮ ತಾತ, ನಮ್ಮ ತಂದೆ ಒಂದೇ ಅಗ್ರಹಾರದಲ್ಲಿ ಬೆಳೆದೋರು. ಬಾ ಇಲ್ಲಿ."

"ಅಲ್ಲಿ ಜಾಗ ಎಲ್ಲಿದೆ ಸಾರ್?"

"ಮನಸ್ಸಿದ್ರೆ ಆಗುತ್ತೆ. ಸಿದ್ದೇಶ್, ಸರಿಯಪ್ಪ ಆ ಕಡೆ."

ಚೀಲಗಳು ತೊಡೆಯ ಮೇಲೆ ಬಂದವು. ವಂಶಿ ಒಮ್ಮೆ ಮನೋಹರನ ಮುಖ ನೋಡಿ ಹಿಂದಕ್ಕೆ ಹೋದ. ಎರಡು ಸಲ ಹಾಕಿದ ಮೇಲೆ ಬಾಗಿಲು ಮುಚ್ಚಿಕೊಂಡಿತು.

"ಇಕ್ಕಟ್ಟಾಗಲ್ವಾ ಸಾರ್?" ಎಂದು ಮನೋಹರ ಕನ್ನಡಿಯಲ್ಲಿ ಕೇಳಿದ.

"ನೀವು ರೋಡ್ ನೋಡ್ರೀ," ಎಂದರು ವರದರಾಜ.

ಅಂದಿನಿಂದ ಹಿಂದೆ ನಾಲ್ವರು, ಮುಂದೆ ಅವನೊಬ್ಬ.

ಆ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ, ಚನ್ನರಾಯಪಟ್ಟಣ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಗಾಡಿಗಳ ತಪಾಸಣೆ ನಡೆಯುತ್ತಿತ್ತು. ಇನ್‌ಸ್ಪೆಕ್ಟರ್ ಕೈ ಅಡ್ಡ ಹಿಡಿದ. ಒಳಗೆ ಬಗ್ಗಿ ನೋಡಿದ. ಬಿಳಿ ನಂಬರ್ ಪ್ಲೇಟನ್ನು ನೋಡಿದ.

"ಮುಂದೆ ಸೀಟ್ ಖಾಲಿ, ಹಿಂದೆ ನಾಲ್ಕು ಜನ. ಸ್ವಂತದ ಬೋರ್ಡ್ ಹಾಕ್ಕೊಂಡು ಬಾಡಿಗೆ ಹೊಡೀತಿದೀಯೇನಯ್ಯ? ಇಳಿ ಕೆಳಗೆ."

"ಬಾಡಿಗೆ ಅಲ್ಲ ಸಾರ್. ಇದು ನನ್ನ ಕಾರು. ನಾವೆಲ್ಲ ಒಂದೇ ಕಾಲೇಜಿನವರು."

ಇನ್‌ಸ್ಪೆಕ್ಟರ್ ಹಿಂದಿನ ಕಿಟಕಿಗೆ ಹೋದ. "ಹೌದೇನ್ರೀ?"

"ನಾವು ಲೆಕ್ಚರರ್ಸು," ಎಂದರು ವರದರಾಜ.

"ಇವನು?"

ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಹೌದು ಎಂದರೆ, ಮತ್ತೆ ಮುಂದೆ ಯಾಕೆ ಯಾರೂ ಕೂತಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ವರದರಾಜ ವಾಚು ನೋಡಿಕೊಂಡರು. "ನಾವು ತಿಂಗಳಿಗೆ ಇಷ್ಟು ಅಂತ ಕೊಟ್ಟುಬಿಡ್ತೀವಿ ಸಾರ್. ಏನಿದ್ರೂ ಗಾಡಿಯವರ ಹತ್ರ ಮಾತಾಡ್ಕೊಳಿ. ನಮಗೆ ಹೆಬ್ಬೆಟ್ಟು ಒತ್ತೋ ಟೈಮಾಯ್ತು."

ಮನೋಹರ ಚೂಡಾಮಣಿ ಮೇಡಂ ಕಡೆ ನೋಡಿದ. ಅವರು ಸೆರಗು ಸರಿಮಾಡಿಕೊಂಡು ಇಳಿಯುತ್ತಿದ್ದರು. ಸಿದ್ದೇಶ್ವರ ಆಗಲೇ ರಸ್ತೆಗೆ ಹೋಗಿ ಬಸ್ಸಿಗೆ ಕೈ ಹಿಡಿದಿದ್ದ. ವಂಶಿ ಕೊನೆಗೆ ಇಳಿದ. ಏನೋ ಹೇಳಲು ಬಾಯಿ ತೆರೆದು, ಬಸ್ಸು ನಿಂತದ್ದು ನೋಡಿ ಓಡಿದ.

ಬಸ್ಸು ಹೋದ ಮೇಲೆ ಮನೋಹರ ಕಾಲೇಜಿನ ಗುರುತಿನ ಚೀಟಿ ತೆಗೆದು ತೋರಿಸಿದ. ಇನ್‌ಸ್ಪೆಕ್ಟರ್ ಅದನ್ನೂ ಅವನನ್ನೂ ನೋಡಿದ. ಮಾತು ಬಹುವಚನಕ್ಕೆ ಬಂತು.

"ಮೊದಲೇ ತೋರಿಸೋದಲ್ವೇನ್ರೀ? ಗಾಡಿ ಸೀಜ್ ಮಾಡ್ತಿದ್ದೆ ಈಗ. ಅವರು ನಿಮ್ಮ ಜೊತೆಯೋರೇ?"

"ಹೌದು."

"ಮತ್ತೆ ಆ ಥರ ಹೇಳಿ ಹೋದ್ರಲ್ರೀ? ಮುಂದೆ ಯಾಕೆ ಕೂತಿರಲಿಲ್ಲ?"

"ಅದನ್ನ ನೀವೇ ಮೊದಲು ಕೇಳಿದ್ದು ಸಾರ್," ಎಂದ ಮನೋಹರ.

ಬೆಲ್ಟಿಲ್ಲದೆ ಜನ ಕೂರಿಸಿದ್ದಕ್ಕೆ ದಂಡ ಕಟ್ಟಿಸಿಕೊಂಡು ಬಿಟ್ಟರು. ಮೊದಲ ಕ್ಲಾಸು ತಪ್ಪಿತು. ಪ್ರಿನ್ಸಿಪಾಲರು ಅವನ ಹೆಸರಿಗೆ ಅರ್ಧ ದಿನದ ರಜೆ ಹಾಕಿದರು. ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ವರದರಾಜ ಮಜ್ಜಿಗೆ ಕುಡಿಯುತ್ತ, "ಏನ್ರೀ, ಬಿಟ್ಟನಾ ಆಸಾಮಿ?" ಎಂದು ನಕ್ಕರು. ಆಮೇಲೆ, "ಸಂಜೆ ಸ್ವಲ್ಪ ಬೇಗ ಹೊರಡೋಣ. ಮನೇಲಿ ಪೂಜೆ ಇದೆ," ಎಂದರು.

ಸಂಜೆ ಬೇಗ ಹೊರಟರು. ನಾಲ್ವರೂ ಹಿಂದೆ ಕೂತರು. ಅವನು ವಂಶಿಯನ್ನು ಬೈಪಾಸಿನಲ್ಲಿ ಇಳಿಸಿ, ಉಳಿದವರನ್ನು ಅವರವರ ಮನೆ ಬಾಗಿಲಿಗೆ ಬಿಟ್ಟ.

ಮಾರನೆಯ ಬೆಳಿಗ್ಗೆ ಹೊರಡುವ ಮುಂಚೆ ಮನೋಹರ ಕಾರಿನ ಹಿಂಬಾಗಿಲು ಎತ್ತಿದ. ರುದ್ರಯ್ಯ ತೋರಿಸಿದ್ದಂತೆ ಹಿಂದಿನ ಸೀಟಿನ ಬೆನ್ನನ್ನು ಎಳೆದು ಮುಂದಕ್ಕೆ ಮಲಗಿಸಿದ. ಅದರ ಮೇಲೆ ಏನೂ ಹಾಕಲಿಲ್ಲ.

ಡೇರಿ ಸರ್ಕಲ್ಲಿನಲ್ಲಿ ವರದರಾಜ ಹಿಂದಿನ ಬಾಗಿಲು ತೆಗೆದು ಹಾಗೇ ನಿಂತರು.

"ಇದೇನ್ರೀ? ಸಾಮಾನು ತರಬೇಕಿತ್ತಾ?"

"ಇಲ್ಲ ಸಾರ್. ಮುಂದೆ ಒಂದು ಸೀಟಿದೆ. ಯಾರಾದ್ರೂ ಒಬ್ರು ಬನ್ನಿ."

ಸಿದ್ದೇಶ್ವರ ಮುಂದಿನ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ವರದರಾಜರ ಮುಖ ನೋಡಿ ಫೋನು ತೆಗೆದು ಅದರಲ್ಲಿ ಏನೋ ಹುಡುಕತೊಡಗಿದ.

ಚೂಡಾಮಣಿ ಮೇಡಂ ಬಗ್ಗಿ, ತರಗತಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು: "ಮನೋಹರ್, ಹೀಗೆಲ್ಲ ಮನಸ್ಸಿಗೆ ಹಚ್ಕೋಬಾರದು. ಇಷ್ಟು ದಿನದಲ್ಲಿ ನಾವು ನಿಮಗೆ ಒಂದು ಮಾತು ಅಂದಿದೀವಾ?"

"ಇಲ್ಲ ಮೇಡಂ. ಒಂದು ಮಾತೂ ಅಂದಿಲ್ಲ."

"ನಾವು ಇದೀವಿ ಅಂತಲೇ ಅಲ್ವೇನ್ರೀ ನೀವು ಗಾಡಿ ತಗೊಂಡಿದ್ದು?" ಎಂದರು ವರದರಾಜ. "ಕಂತು ಹೇಗೆ ಕಟ್ತೀರಿ?"

ಆ ಲೆಕ್ಕವನ್ನು ಮನೋಹರ ರಾತ್ರಿಯೇ ಹಾಕಿ ನೋಡಿದ್ದ, ಕೂಡುತ್ತಿರಲಿಲ್ಲ. ಹಿಂದೆ ಬಸ್ಸು ಹಾರ್ನ್ ಹಾಕಿತು. ಮೂವರೂ ಅದರ ಕಡೆ ನಡೆದರು.

ಚನ್ನರಾಯಪಟ್ಟಣದ ಬೈಪಾಸಿನಲ್ಲಿ ವಂಶಿ ಕಿವಿಗೆ ಫೋನು ಹಿಡಿದು ನಿಂತಿದ್ದ. ಮುಂದಿನ ಬಾಗಿಲು ಅರ್ಧ ತೆಗೆದ. "ಹೌದು ಸಾರ್... ಬಂದಿದೆ ಸಾರ್... ಹಾಗೇ ಆಗ್ಲಿ ಸಾರ್," ಎಂದು ಫೋನು ಇಳಿಸಿದ. ಮನೋಹರನ ಕಣ್ಣು ತಪ್ಪಿಸಿ ಡ್ಯಾಶ್‌ಬೋರ್ಡ್ ನೋಡುತ್ತ, "ನಾನು ಬಸ್ಸಲ್ಲಿ ಬರ್ತೀನಿ ಸಾರ್. ಇಲ್ಲೊಂದು ಸಣ್ಣ ಕೆಲಸ ಇದೆ," ಎಂದ.

"ಸರಿ."

ವಂಶಿ ಹಾಕಿದ ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಮನೋಹರ ಬಗ್ಗಿ ಎಳೆದು ಹಾಕಿದ. ಕಾಲಿನ ಹತ್ತಿರ ಇಟ್ಟುಕೊಳ್ಳುತ್ತಿದ್ದ ತನ್ನ ಊಟದ ಚೀಲ, ಪುಸ್ತಕದ ಚೀಲ ಎರಡನ್ನೂ ಎತ್ತಿ ಮುಂದಿನ ಸೀಟಿನ ಮೇಲೆ ಇಟ್ಟ. ಪುಸ್ತಕಗಳ ಭಾರಕ್ಕೆ ಗಾಡಿ ಪೀ ಪೀ ಎಂದು ಕೂಗತೊಡಗಿತು. ಅವನು ಆ ಸೀಟಿನ ಬೆಲ್ಟು ಹಾಕಲಿಲ್ಲ. ಸ್ವಲ್ಪ ದೂರ ಕೂಗಿ ಅದು ತಾನಾಗಿ ನಿಂತಿತು.

ಡೀಸೆಲ್ ಮುಳ್ಳು ಕಾಲು ಭಾಗಕ್ಕೆ ಇಳಿದಿತ್ತು. ಬಂಕಿನಲ್ಲಿ ನಿಲ್ಲಿಸಿದ. ಟ್ಯಾಂಕು ತುಂಬಿಸಲೇ ಎಂದು ಹುಡುಗಿ ಕೇಳಿದಳು. ಬೇಡ, ಇವತ್ತು ಹೋಗಿ ಬರುವಷ್ಟು ಹಾಕಿ ಎಂದ.