ಏಳು ಹತ್ತರ ಸಹಿ

ಪವನಾರದ ಸೇತುವೆ ದಾಟಿ ಅರ್ಧ ಮೈಲಿ ಬಂದಿದ್ದೆವು. ಹಿಂದಿನಿಂದ ಬಂದ ಹತ್ತಿಯ ಲಾರಿಗೆ ನನ್ನ ಗಂಡ ಕೈ ಅಡ್ಡ ಹಾಕಿದರು. ಲಾರಿ ನಿಲ್ಲುವ ಮೊದಲೇ ಸೈಕಲ್ಲಿನಿಂದ ಇಳಿದು, ಧೋತರ ಎತ್ತಿ, ಮೊಣಕಾಲು ತೋರಿಸಿದರು. ಊದಿಕೊಂಡಿತ್ತು. ಅದು ಸುಳ್ಳಲ್ಲ.

"ಇನ್ನ ನನ್ನ ಕೈಲೆ ಆಗಂಗಿಲ್ಲ. ನೀನೂ ಹತ್ತು."

"ನಾ ಹತ್ತಂಗಿಲ್ಲ."

"ಹಂಗಾರ ಸಾಯಿ ಬಿಸಲಾಗ."

ಚಾಲಕ ಅವರ ಸೈಕಲ್ಲನ್ನು ಹತ್ತಿಯ ಮೂಟೆಗಳ ಮೇಲೆ ಎಸೆದು ಹಗ್ಗ ಬಿಗಿದ. ಆಗ ನನಗೆ ಪುಸ್ತಕದ ನೆನಪಾಯಿತು.

"ಪುಸ್ತಕರೆ ಕೊಟ್ಟು ಹೋಗ್ರಿ."

"ನಿನ್ನ ಕೈಯಾಗ ಕೊಟ್ಟರ ಎಲ್ಲೆರೆ ಕಳದೀ," ಎಂದು ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಚಾಲಕನ ಪಕ್ಕ ಕುಳಿತರು. ಧೂಳು ಇಳಿಯುವ ಹೊತ್ತಿಗೆ ಲಾರಿ ತಿರುವಿನಲ್ಲಿ ಮರೆಯಾಗಿತ್ತು. ಅದೇ ಚೀಲದಲ್ಲಿ ಗಾಳಿ ಹಾಕುವ ಪಂಪೂ ಇತ್ತೆಂಬುದು ನನಗೆ ಹೊಳೆದದ್ದು ಬಹಳ ಹೊತ್ತಿನ ಮೇಲೆ.

ಆ ಪುಸ್ತಕದ ವಿಷಯ ಹೇಳಬೇಕು. ಆಗ ಸೈಕಲ್ ಮೇಲೆ ದೂರ ಊರಿಗೆ ಹೋಗುವವರೆಲ್ಲ ರಟ್ಟಿನ ಒಂದು ಪುಸ್ತಕ ಒಯ್ಯುತ್ತಿದ್ದರು. ದಾರಿಯ ಊರುಗಳಲ್ಲಿ ಪೋಸ್ಟ್ ಮಾಸ್ತರರೋ ಠಾಣೆಯವರೋ ಸ್ಟೇಷನ್ ಮಾಸ್ತರರೋ ಅದರಲ್ಲಿ ಬಂದ ತಾರೀಖು ಬರೆದು, ಸಹಿ ಮಾಡಿ, ಶಿಕ್ಕಾ ಒತ್ತಬೇಕು. ಆ ಪುಸ್ತಕವಿಲ್ಲದಿದ್ದರೆ ನೀವು ಎಷ್ಟೇ ತುಳಿದಿರಲಿ, ಮನೆಯಲ್ಲಿ ಮಲಗಿದ್ದವರಿಗೂ ನಿಮಗೂ ವ್ಯತ್ಯಾಸವಿಲ್ಲ.

ನನಗೆ ಅದು ಹವ್ಯಾಸದ ಮಾತಾಗಿರಲಿಲ್ಲ. ನಾಗಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹೊಲಿಗೆ ಕಲಿಸುತ್ತಿದ್ದೆ. ಕೆಲಸ ಹಂಗಾಮಿ. ಪ್ರತಿ ಏಪ್ರಿಲಿಗೆ ಮುಗಿದುಹೋಗುತ್ತಿತ್ತು, ಮತ್ತೆ ಜುಲೈಯಲ್ಲಿ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ನಾಗಪುರದ ರಾಜಧಾನಿ ಪಟ್ಟ ತಪ್ಪಿ ಮುಂಬಯಿಗೆ ಹೋದ ಮರುವರ್ಷ ಶಾಲೆಗೆ ಡ್ರಿಲ್ ಕಲಿಸುವವರ ಖಾಯಂ ಜಾಗ ಬಂತು. ನಾನು ಅರ್ಜಿ ಹಾಕಿದೆ. ಕಮಿಟಿಯವರು ನಕ್ಕರಂತೆ. ಮೂವತ್ತಾರು ದಾಟಿದ, ಕಚ್ಚೆ ಸೀರೆಯ, ಎರಡು ಮಕ್ಕಳ ತಾಯಿ! ಹೆಡ್‌ಮಿಸ್ಟ್ರೆಸ್ ಗಂಗೂಬಾಯಿ ನಗಲಿಲ್ಲ. ಅವರು ತಾವೇ ದಿನಾ ಸೈಕಲ್ ಮೇಲೆ ಬರುವವರು. "ಯವತಮಾಳಕ್ಕೆ ಹೋಗಿ ಬಾ. ನೂರೆಪ್ಪತ್ತು ಮೈಲಿ, ನಾಲ್ಕು ದಿನ. ಸೋಮವಾರ ಪುಸ್ತಕ ತಂದು ಕಮಿಟಿಯ ಮೇಜಿನ ಮೇಲೆ ಇಡು. ಆಮೇಲೆ ಯಾರು ನಗ್ತಾರೆ ನೋಡೋಣ," ಎಂದು ಮರಾಠಿಯಲ್ಲಿ ಹೇಳಿದರು.

ಒಬ್ಬಳನ್ನೇ ಕಳಿಸಲು ಮನೆಯಲ್ಲಿ ಒಪ್ಪಲಿಲ್ಲ. ಗಂಡ ಜೊತೆಗೆ ಬರುವುದೆಂದಾಯಿತು. ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಅವರ ಕೆಲಸ. ನಾಗಪುರದ ಅಂಚಿನ ಅಜನಿಯಲ್ಲಿ ನಾವಿದ್ದ ರೈಲ್ವೆ ಕಾಲನಿಯ ಕ್ಲಬ್ಬಿನವರಿಗೆ ಸುದ್ದಿ ಮುಟ್ಟಿದ್ದೇ ತಡ, ನನ್ನ ಪ್ರವಾಸ ಅವರದಾಯಿತು. ಮೊದಲ ದಿನ ವರ್ಧಾದಲ್ಲಿ ಪೋಸ್ಟ್ ಮಾಸ್ತರರು ಪುಸ್ತಕದಲ್ಲಿ ಬರೆದದ್ದು 'ಶ್ರೀ ವ್ಯಾಸರಾಜ, ಸಪತ್ನೀಕ' ಎಂದು. ಯವತಮಾಳದಲ್ಲೂ ಅದೇ. ಹಿಂದಿರುಗುವಾಗ ವರ್ಧಾದಲ್ಲಿ ಮತ್ತೆ ಅದೇ. ಮೂರು ದಿನ ನಾನು ಹೆಸರಿಲ್ಲದೆ ತುಳಿದಿದ್ದೆ. ಆದರೂ ಸಹಿಗಳು ನಿಜದ ಸಹಿಗಳಾಗಿದ್ದವು, ಅದಕ್ಕೆ ಸುಮ್ಮನಿದ್ದೆ.

ನಾಲ್ಕನೆಯ ದಿನ, ಅಂದರೆ ಆ ದಿನ, ಬೆಳಿಗ್ಗೆ ಐದೂವರೆಗೆ ವರ್ಧಾ ಬಿಟ್ಟಿದ್ದೆವು. ಠಾಣೆಯವರಿಂದ ಹೊರಟ ಹೊತ್ತನ್ನೂ ಪುಸ್ತಕದಲ್ಲಿ ಬರೆಸಿದ್ದೆವು. ಬುಟಿಬೋರಿಗೆ ಇಪ್ಪತ್ತೊಂಬತ್ತು ಮೈಲಿ, ಅಲ್ಲಿ ಸ್ಟೇಷನ್ ಮಾಸ್ತರರ ಸಹಿ. ಅಲ್ಲಿಂದ ಅಜನಿಗೆ ಹದಿನೇಳು. ನಾಲ್ಕು ಗಂಟೆಗೆ ಕ್ಲಬ್ಬಿನಲ್ಲಿ ಹಾರ.

ಒಬ್ಬಳೇ ಆದ ಮೇಲೆ ದಾರಿಯ ಬಣ್ಣವೇ ಬೇರೆಯಾಯಿತು. ಗಂಡ ಮುಂದಿದ್ದಾಗ ಸುಮ್ಮನೆ ನೋಡುತ್ತಿದ್ದವರು ಈಗ ಬಾಯಿಬಿಟ್ಟರು. ಸೇಲೂವಿನ ಬಾವಿಕಟ್ಟೆಯಲ್ಲಿ ಒಬ್ಬ ಹೆಂಗಸು ನನ್ನನ್ನು ನೋಡಿ ಕೊಡ ಕೆಳಗಿಟ್ಟು, ಪಕ್ಕದವಳನ್ನು ಕರೆದು ತೋರಿಸಿದಳು. ಕೇಳಝರದ ಏರಿನಲ್ಲಿ ಇಳಿದು ತಳ್ಳದೆ, ಹಲ್ಲು ಕಚ್ಚಿ, ನಿಂತುಕೊಂಡೇ ತುಳಿದೆ. ಏರಿನ ತುದಿಯ ಚಹಾದಂಗಡಿಯಿಂದ ಒಬ್ಬ ಕೂಗಿದ:

"ಬಾಯಿ, ನವರಾ ಪಳಾಲಾ ಕಾ?"

ಗಂಡ ಓಡಿಹೋದನೇ ತಾಯಿ ಎಂದು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಅವನು ಕೇಳಿದ್ದರಲ್ಲಿ ತಪ್ಪೇನಿತ್ತು?

ಗಾಳಿ ಎದುರಿನಿಂದ ಬೀಸುತ್ತಿತ್ತು. ಮುತ್ತುಗದ ಗಿಡಗಳು ಎಲೆಯೆಲ್ಲ ಉದುರಿಸಿ ಕೆಂಪಗೆ ಹೂಬಿಟ್ಟಿದ್ದವು. ಹತ್ತಿ ತುಂಬಿದ ಚಕ್ಕಡಿಗಳು ದಾರಿ ಬಿಡುತ್ತಿರಲಿಲ್ಲ. ಗಂಟೆ ಬಾರಿಸಿದರೆ ಗಾಡಿ ಹೊಡೆಯುವವ ತಿರುಗಿ ನೋಡಿ, ಹೆಣ್ಣೆಂದು ತಿಳಿದು, ಎತ್ತುಗಳನ್ನು ಇನ್ನಷ್ಟು ನಡುದಾರಿಗೆ ತರುತ್ತಿದ್ದ. ಅಂಥ ಒಂದು ಗಾಡಿಯನ್ನು ದಾಟಲು ಪಕ್ಕದ ಮಣ್ಣಿಗೆ ಇಳಿದಾಗ ಜಾಲಿಯ ಮುಳ್ಳು ಹಿಂದಿನ ಗಾಲಿಗೆ ಹೊಕ್ಕಿತು. ಆಗ ಪಂಪಿನ ನೆನಪಾಯಿತು. ಪಂಪು, ಸೊಲ್ಯೂಷನ್, ತೇಪೆ, ಎಲ್ಲ ಲಾರಿಯಲ್ಲಿ.

ಬುಟಿಬೋರಿಗೆ ಅಲ್ಲಿಂದ ನಾಲ್ಕು ಮೈಲಿ. ಸೈಕಲ್ ತಳ್ಳಿಕೊಂಡು ನಡೆದೆ. ಆ ನಾಲ್ಕು ಮೈಲಿ ನನ್ನ ಮನಸ್ಸಿನಲ್ಲಿ ಏನು ನಡೆಯಿತೆಂದು ಬರೆದರೆ ಓದುವವರು ನನ್ನನ್ನು ಕೆಟ್ಟ ಹೆಂಗಸೆಂದಾರು. ಅವರ ಮೊಣಕಾಲು ಇನ್ನೂ ಊದಲಿ ಎಂದುಕೊಂಡೆ. ಲಾರಿ ಮಗುಚಲಿ ಎಂದೂ ಒಮ್ಮೆ ಬಂತು, ಪುಸ್ತಕ ಮಾತ್ರ ಉಳಿಯಲಿ ಎಂದು.

ಬುಟಿಬೋರಿ ಸ್ಟೇಷನ್ ಮಾಸ್ತರರು ಸಿದ್ದಲಿಂಗಯ್ಯನವರು. ಗದಗಿನ ಕಡೆಯವರು. ನಮ್ಮವರು ಎಂದೇ ಅಲ್ಲಿ ಸಹಿ ಇಟ್ಟುಕೊಂಡದ್ದು. ಪ್ಲಾಟ್‌ಫಾರ್ಮಿನ ಬೇವಿನ ಕೆಳಗೆ ಗಂಡ ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ಪಕ್ಕದಲ್ಲಿ ಕಿತ್ತಳೆ ಸಿಪ್ಪೆಯ ಗುಡ್ಡೆ. ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು.

"ಬಂದೀ? ಚಲೋ ಆತು. ಸಹಿ ಆಗೇದ. ಹನ್ನೆರಡಕ್ಕ ಇನ್ನೊಂದು ಲಾರಿ ಅದ, ಇಬ್ಬರೂ ಹೋಗೂಣು. ಅಜನಿ ಗೇಟಿನ ಹತ್ರ ಇಳದು ಸೈಕಲ್ ಹತ್ತಿದರಾತು."

ನಾನು ಚೀಲದಿಂದ ಪುಸ್ತಕ ತೆಗೆದು ನೋಡಿದೆ. ದುಂಡನೆಯ ಅಕ್ಷರ: 'ಶ್ರೀ ವ್ಯಾಸರಾಜ, ಸಪತ್ನೀಕ. ಸೈಕಲ್ ಮೇಲೆ ಆಗಮನ. ಬೆಳಿಗ್ಗೆ 7.10.' ಕೆಳಗೆ ಸಹಿ, ಶಿಕ್ಕಾ.

ವರ್ಧಾ ಬಿಟ್ಟದ್ದು ಐದೂವರೆ ಎಂದು ಹಿಂದಿನ ಪುಟದಲ್ಲಿದೆ. ಇಪ್ಪತ್ತೊಂಬತ್ತು ಮೈಲಿ, ಒಂದು ಗಂಟೆ ನಲವತ್ತು ನಿಮಿಷ. ಕಮಿಟಿಯವರಿಗೆ ತಿಳಿಯದಿರಬಹುದು. ದಿನಾ ಸೈಕಲ್ ತುಳಿಯುವ ಗಂಗೂಬಾಯಿಗೆ ಪುಟ ತಿರುವಿದ ಕೂಡಲೇ ತಿಳಿಯುತ್ತದೆ. ಈ ಒಂದು ಸುಳ್ಳಿಗೆ ಹಿಂದಿನ ಮೂರು ದಿನವೂ ಸುಳ್ಳಾಗುತ್ತವೆ.

"ಇದನ್ನ ಯಾಕ ಹಿಂಗ ಬರಸಿದ್ರಿ?"

"ಹೆಂಗ? ನಾ ಹೆಸರು ಹೇಳಿದೆ, ಅವರು ಬರದರು."

ಸಿದ್ದಲಿಂಗಯ್ಯನವರು ಕೋಣೆಯಿಂದ ಹೊರಬಂದರು. "ವ್ಯಾಳ್ಯಾ ನಾನ ಹಾಕೀನ್ರಿ ಅಕ್ಕಾರ. ರೈಲ್ವೆ ಮಂದಿ ನಾವು, ಗಡಿಯಾರ ನೋಡಲಾರದ ಸಹಿ ಮಾಡಂಗಿಲ್ಲ." ಹೆಮ್ಮೆಯಿಂದಲೇ ಹೇಳಿದರು. ಯಾರು ಬಂದರು, ಯಾವುದರ ಮೇಲೆ ಬಂದರು ಎಂದು ನೋಡದ ಮನುಷ್ಯ, ಗಡಿಯಾರವನ್ನು ಮಾತ್ರ ನೋಡಿ ಬರೆದಿದ್ದರು.

"ಹಂಗಾರ ಈಗೂ ಗಡಿಯಾರ ನೋಡ್ರಿ," ಎಂದೆ. "ಕೆಳಗ ಇನ್ನೊಂದು ಸಾಲು ಬರೀರಿ. ವಸುಧಾ, ಒಬ್ಬಾಕಿನ, ಹನ್ನೊಂದು ಇಪ್ಪತ್ತು."

ಅವರು ನನ್ನ ಗಂಡನ ಮುಖ ನೋಡಿದರು. ಗಂಡ ಬೇಡವೆಂದು ತಲೆಯಾಡಿಸಿದರು.

"ಅದ್ಹೆಂಗ ಆಕ್ಕೈತ್ರಿ? ಮ್ಯಾಲಿಂದು ಸುಳ್ಳಂತ ನಾನ ಬರಕೊಟ್ಟಂಗ ಆಗತೈತಿ. ರಾಯರು ಆಫೀಸಿನ್ಯಾಗ ಮುಖ ಹೆಂಗ ತೋರಸ್ಬೇಕು? ಗಂಡ ಹೆಂಡರ ಜಗಳ ಮನ್ಯಾಗ ಇಟಗೋರಿ."

ಅವರ ಹೆಂಡತಿ ಮಹಾದೇವಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದರು. ನೀರು ತಂದುಕೊಟ್ಟರು. ಒಳಗೆ ಬನ್ನಿ ಎನ್ನಲಿಲ್ಲ. ನನ್ನ ಕಚ್ಚೆಯಿಂದ ಧೂಳು ಮೆತ್ತಿದ ಮೀನಖಂಡದವರೆಗೆ ನೋಡಿ, "ಹುಡುಗರನ್ನ ಯಾರ ಹತ್ರ ಬಿಟ್ಟು ಬಂದೀರಿ?" ಎಂದರು.

"ಅತ್ತ್ಯಾರ ಹತ್ರ."

"ಅವರ ಪುಣ್ಯಾ ದೊಡ್ಡದು," ಎಂದು ತಂಬಿಗೆ ಇಸಿದುಕೊಂಡು ಒಳಗೆ ಹೋದರು.

ನಾನು ಚೀಲದಿಂದ ಪಂಪು, ತೇಪೆ ತೆಗೆದು ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಕುಳಿತು ಟ್ಯೂಬು ಬಿಚ್ಚಿದೆ. ಗಾಲಿ ಎಲ್ಲಿ ಪಂಕ್ಚರ್ ಆಯಿತೆಂದು ಕೇಳಿ ತಿಳಿದುಕೊಂಡು ಗಂಡ ಪುಸ್ತಕವನ್ನು ಮತ್ತೆ ಎತ್ತಿಕೊಂಡರು. ನನ್ನ ಕೈಗೆಲ್ಲ ಸೊಲ್ಯೂಷನ್ ಅಂಟಿತ್ತು, ತಡೆಯಲಾಗಲಿಲ್ಲ.

"ಯಾರು ಕೂತು ಮೈಲಿ ಎಣಸ್ತಾರ? ಏನರೆ ಸೊಕ್ಕು ಅಂದರ ನಿಂದು! ನಾಕ ಮೈಲಿ ನಡಕೋತ ಬಂದೀ, ಅದನ್ನೂ ಬರಸ್ತೀ ಏನು?"

ನಾನು ತೇಪೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆ. ಆ ಮಾತು ನಾಟಿತು. ಬರೆಸಬೇಕು ಎಂದುಕೊಂಡೆ. ಅದನ್ನೂ ಬರೆಸಬೇಕು.

ಹನ್ನೆರಡಕ್ಕೆ ಅವರ ಲಾರಿ ಹೋಯಿತು. ಹನ್ನೆರಡೂ ಹತ್ತಕ್ಕೆ ನಾನು ಹೊರಟೆ. ಆ ಹದಿನೇಳು ಮೈಲಿಯಲ್ಲಿ ಹೇಳುವಂಥದ್ದು ಏನೂ ಇಲ್ಲ. ಬಿಸಿಲು, ಲಾರಿಗಳ ಹಾರನ್, ಹಲ್ಲಿನ ನಡುವೆ ಮರಳು. ಪುಸ್ತಕ ನನ್ನ ಬಳಿ ಇಲ್ಲ, ಇದ್ದರೂ ಅದರಲ್ಲಿ ಸುಳ್ಳಿದೆ. ಹಾಗಿದ್ದರೆ ಯಾಕೆ ತುಳಿಯುತ್ತಿದ್ದೇನೆ ಎಂದು ಎರಡು ಸಲ ಇಳಿದು ನಿಂತೆ. ಎರಡು ಸಲವೂ ಒಂದೇ ಯೋಚನೆ ಮತ್ತೆ ಹತ್ತಿಸಿತು: ಅವರು ನನ್ನನ್ನು ಬಿಟ್ಟು ಊರೊಳಗೆ ಹೋಗಲಾರರು. ಸಪತ್ನೀಕ ಎಂದು ಬೋರ್ಡು ಬರೆಸಿ ಕುಳಿತಿದ್ದಾರೆ ಕ್ಲಬ್ಬಿನವರು. ಪತ್ನಿ ಎಲ್ಲಿ ಎಂದು ಕೇಳಿದರೆ?

ಊಹೆ ಸರಿಯಿತ್ತು. ಅಜನಿಯ ರೈಲ್ವೆ ಗೇಟಿನ ಈಚೆ, ಗೋಡೆಯ ನೆರಳಲ್ಲಿ ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಎರಡು ತಾಸಾದರೂ ಆಗಿತ್ತು. ಗೇಟಿನ ಆಚೆ ಕಾಲನಿಯಿಂದ ಬ್ಯಾಂಡಿನ ಸದ್ದು ಕೇಳುತ್ತಿತ್ತು.

"ಎಷ್ಟ ಹೊತ್ತು! ಮೂರು ಐವತ್ತಾತು. ಮಾರಿ ಒರಸ್ಕೋ, ನಡಿ ಜಲ್ದಿ."

ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ ಅಲ್ಲಿದ್ದ ಕಲ್ಲಿನ ಮೇಲೆ ಕುಳಿತೆ.

"ಪುಸ್ತಕ ತಗೀರಿ. ಪೆನ್ನೂ ತಗೀರಿ."

"ಯಾಕ?"

"ಬುಟಿಬೋರಿ ಸಹಿ ಕೆಳಗ ನೀವು ಬರೀರಿ. ಪವನಾರದಿಂದ ಇಲ್ಲೀ ತನಕ ನೀವು ಲಾರ್‍ಯಾಗ ಬಂದದ್ದು. ನಾ ಒಬ್ಬಾಕಿನ ಸೈಕಲ್ ಮ್ಯಾಲ ಬಂದದ್ದು."

"ಹುಚ್ಚು ಹಿಡದದೇನು ನಿನಗ?"

"ಹಿಡದದ. ನೀವು ಬರಿಯೂ ತನಕ ನಾ ಇಲ್ಲಿಂದ ಏಳಂಗಿಲ್ಲ. ನೀವು ಹೋಗ್ರಿ, ಹಾರ ಹಾಕಸ್ಕೋರಿ."

ಅವರು ಬೈದರು. ನನ್ನ ತವರನ್ನು ಬೈದರು, ಸೈಕಲ್ ಕಲಿಸಿದ ನನ್ನಣ್ಣನನ್ನು ಬೈದರು, ಗಂಗೂಬಾಯಿಯನ್ನು ಬೈದರು. ಮದುವೆಯಾಗಿ ಹದಿನೇಳು ವರ್ಷ. ಅವರು ಬೈಯುವಾಗ ನಾನು ತಲೆ ತಗ್ಗಿಸುತ್ತಿದ್ದೆ. ಅಂದು ತಗ್ಗಿಸಲಿಲ್ಲ. ಧೈರ್ಯವಂತೂ ಅಲ್ಲ, ಕತ್ತು ಬಗ್ಗಲಾರದಷ್ಟು ಸೆಟೆದುಕೊಂಡಿತ್ತು.

"ಕ್ಲಬ್ಬಿನವರು ನೋಡಿದರ ನನ್ನ ಮಾನ ಏನಾಗಬೇಕು?"

"ಅವರು ಪುಸ್ತಕ ನೋಡಂಗಿಲ್ಲ, ನಿಮ್ಮನ್ನ ನೋಡ್ತಾರ. ಪುಸ್ತಕ ಗಂಗೂಬಾಯಿ ನೋಡ್ತಾರ. ಅವರು ನಿಮ್ಮ ಕ್ಲಬ್ಬಿಗೆ ಎಂದೂ ಬರೂದಿಲ್ಲ. ಹಾರ ನಿಮಗಿರಲಿ. ನಾ ಬಾಯಿ ಬಿಡಂಗಿಲ್ಲ."

ಗೂಡ್ಸ್ ಗಾಡಿ ಬರುವುದಿತ್ತು. ಗೇಟು ಬಿತ್ತು. ಒಂದೊಂದೇ ಡಬ್ಬಿ ಹಾಯುತ್ತಿದ್ದಂತೆ ಅವರು ಪುಸ್ತಕವನ್ನು ಸೈಕಲ್ಲಿನ ಸೀಟಿನ ಮೇಲಿಟ್ಟು ಇಂಗ್ಲಿಷಿನಲ್ಲಿ ಬರೆದರು. ಅವರ ಅಕ್ಷರ ಬಹಳ ಚಂದ. ಓದಿ ನೋಡಿದೆ. 'ನನ್ನ ಹೆಂಡತಿ' ಎಂದಿತ್ತು.

"ಹೆಸರು ಹಾಕ್ರಿ."

ಹಾಕಿದರು. ಸಹಿ ಮಾಡಿದರು. ಪುಸ್ತಕ ಮುಚ್ಚಲು ಹೋದರು.

"ಇನ್ನೊಂದು ಸಾಲು ಅದ. ನಾಕ ಮೈಲಿ ಗಾಲಿ ಪಂಕ್ಚರ್ ಆಗಿ, ನಡದು ಬಂದಳು ಅಂತ."

"ಅದನ್ನ ಯಾಕ? ಅದರಾಗ ನಿನಗ ನಷ್ಟ ಅದ."

"ಖರೆ ಅದ, ಅದಕ್ಕ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿನ ಜೊತೆ ಇನ್ನೇನೋ ಇತ್ತು. ಬಾಡಿಗೆಗೆ ಬಂದವರು ಮನೆ ಬಿಡುವುದಿಲ್ಲವೆಂದಾಗ ಯಜಮಾನನ ಕಣ್ಣಿನಲ್ಲಿ ಬರುವಂಥದ್ದು. ಅದನ್ನೂ ಬರೆದರು. ನಾನು ಪುಸ್ತಕವನ್ನು ಇಸಿದುಕೊಂಡು ಸೊಂಟದಲ್ಲಿ, ಸೀರೆಯ ಒಳಗೆ ಬಿಗಿಯಾಗಿ ಸಿಕ್ಕಿಸಿದೆ.

ಗೇಟು ಎದ್ದಿತು. "ನೀವು ಮುಂದ ನಡೀರಿ," ಎಂದೆ.

ಕ್ಲಬ್ಬಿನಲ್ಲಿ ಅವರಿಗೆ ಸೇವಂತಿಗೆಯ ಹಾರ ಹಾಕಿದರು. ನನಗೆ ಒಂದು ಗುಲಾಬಿ ಕೊಟ್ಟರು. ಕ್ಲಬ್ಬಿನ ಅಧ್ಯಕ್ಷರು ಭಾಷಣ ಮಾಡಿದ ಮೇಲೆ ನನ್ನ ಗಂಡ ಎದ್ದು ನಿಂತು, ಒಂದು ಮೈಲಿಯನ್ನೂ ಬಿಡದೆ ತುಳಿದು ಬಂದೆವು, ಹೆಂಡತಿಗೆ ಧೈರ್ಯ ಹೇಳುತ್ತಾ ಬಂದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಪ್ಪಂದದಂತೆ ನಾನೂ ತಟ್ಟಿದೆ. ರಟ್ಟಿನ ಮೂಲೆ ಸೊಂಟಕ್ಕೆ ಚುಚ್ಚುತ್ತಿತ್ತು. ಕುರ್ಚಿಯಲ್ಲಿ ಒಂದಿಷ್ಟು ಸರಿದು ಕುಳಿತರೆ ನಿಲ್ಲುತ್ತಿತ್ತು. ನಾನು ಸರಿಯಲಿಲ್ಲ.