ಅತ್ತೆ ಓದದೆ ಬಿಟ್ಟ ಸಾಲು

ಫಿಲಿಮೋನೆಗೆ ಅಕ್ಕನ ಕೋಣೆಯೊಳಗೆ ಕಾಲಿಡುವ ಹಕ್ಕಿರಲಿಲ್ಲ. ಅವಳ ಬಾಚಣಿಗೆ ಮುಟ್ಟುವ ಹಕ್ಕಿರಲಿಲ್ಲ, ಅವಳ ಚಾಪೆಯ ಮೇಲೆ ಕೂರುವ ಹಕ್ಕಿರಲಿಲ್ಲ, ಅವಳ ಎದುರು ಪೋಲಿ ಮಾತಿಗೆ ನಗುವ ಹಕ್ಕೂ ಇರಲಿಲ್ಲ. ಹನ್ನೆರಡು ತುಂಬಿದ ವರ್ಷ ಅವನ ಹಾಸಿಗೆ ಮನೆಯ ಹಿಂದಿನ ಗುಡಿಸಲಿಗೆ ಹೋಯಿತು. ಅಲ್ಲಿಂದ ಇಪ್ಪತ್ತೆಂಟು ವರ್ಷ ಅಕ್ಕ ತಮ್ಮ ಒಂದೇ ಟಿವಿಯ ಮುಂದೆ ಕೂತದ್ದಿಲ್ಲ. ಟೋಂಗಾ ದ್ವೀಪಗಳ ಈ ನೆಯಾಫು ಪೇಟೆಯಲ್ಲಿ ಅಕ್ಕತಮ್ಮಂದಿರ ಹಳೆಯ ಕಟ್ಟಳೆಯನ್ನು ಇಷ್ಟು ಬಿಗಿಯಾಗಿ ನಡೆಸುವ ಮನೆಗಳು ಈಗ ಕಡಿಮೆ. ಇವರದು ಅಂಥ ಮನೆ. ಹಾಗಂತ ಪ್ರೀತಿಗೇನೂ ಬರವಿರಲಿಲ್ಲ. ಅಕ್ಕ ಲೋಸೇಲಿ ಅಗೆದ ಮೊದಲ ಗೆಣಸು ತಮ್ಮನಿಗೆ ಬರುತ್ತಿತ್ತು, ತಮ್ಮ ಹಿಡಿದ ಮೊದಲ ಮೀನು ಅಕ್ಕನಿಗೆ ಹೋಗುತ್ತಿತ್ತು. ಹೊರುವವರು ಮಾತ್ರ ಬೇರೆಯವರು.

ಈ ಸಲ ಹೊತ್ತು ತಂದವಳು ವಾಸಿತಿ ಅತ್ತೆ. ತೀರಿಹೋದ ಅಪ್ಪನ ಅಕ್ಕ, ಎಪ್ಪತ್ತೊಂದರ ಹೆಂಗಸು. ಮನೆಯಲ್ಲಿ ಅವಳ ಮಾತಿನ ಮೇಲೆ ಮಾತಿಲ್ಲ. ಮಂಗಳವಾರ ಬೆಳಿಗ್ಗೆ ಬಂದರಿನ ಎದುರಿಗಿರುವ ಫಿಲಿಮೋನೆಯ ರಿಪೇರಿ ಅಂಗಡಿಗೆ ಬಂದು, ಮೇಜಿನ ಮೇಲೆ ಬುಟ್ಟಿ ಇಟ್ಟಳು.

"ಮೇಲಿರೋದು ನಿನ್ನ ಹೊಟ್ಟೆಗೆ. ಕೆಳಗಿರೋದು ನಿನ್ನ ಕೈಗೆ."

ಮೇಲೆ ಬಾಳೆಎಲೆಯ ಕಟ್ಟು. ಒಳಗೆ ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನಹಾಲಿನಲ್ಲಿ ಬೆಂದ ಕುರಿಮಾಂಸ, ಇನ್ನೂ ಹಬೆಯಾಡುತ್ತಿತ್ತು. ಕೆಳಗೆ ಟವೆಲಿನಲ್ಲಿ ಸುತ್ತಿದ ಅಕ್ಕನ ಲ್ಯಾಪ್‌ಟಾಪ್.

"ಬಿಸಿ ಊಟದ ಕೆಳಗೆ ಲ್ಯಾಪ್‌ಟಾಪ್ ಇಡ್ತಾರಾ ಅತ್ತೆ?"

"ಊಟದ ಮೇಲೆ ಇಟ್ಟಿದ್ರೆ ಊಟ ಜಜ್ಜಿ ಹೋಗ್ತಿರಲಿಲ್ವಾ?"

"ಏನಾಗಿದೆ ಇದಕ್ಕೆ?"

"ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನುತ್ತಂತೆ. ಎರಡು ವಾರ ಆಯ್ತು. ನಾನೂ ಒಂದು ಸಲ ಅಲ್ಲಾಡಿಸಿ ನೋಡ್ದೆ."

"ಅಲ್ಲಾಡಿಸಿದ್ರಾ?"

"ಮೆಲ್ಲಗೆ ಕಣೋ. ಪ್ರಾರ್ಥನೆ ಮಾಡಿಯೇ ಅಲ್ಲಾಡಿಸಿದ್ದು." ಅತ್ತೆ ಕುರ್ಚಿ ಎಳೆದು ಕೂತಳು. "ಹುಷಾರು ಮೋನೆ. ಅದರೊಳಗೆ ನಿನ್ನಪ್ಪ ಇದ್ದಾನೆ."

ಅವಳು ಹೇಳಿದ್ದು ಹಾಡುಗಳನ್ನು. ಅಪ್ಪ ಹೋಸೇಯಾ ಚರ್ಚಿನ ಹಾಡಿನ ಮೇಳವನ್ನು ಮೂವತ್ತನಾಲ್ಕು ವರ್ಷ ನಡೆಸಿದವನು. ಕಪ್ಪು ಹಲಗೆಯ ಮೇಲೆ ಅಂಕಿಗಳಲ್ಲಿ ರಾಗ ಬರೆದು, ಒಂದೊಂದು ದನಿಯವರಿಗೆ ಒಂದೊಂದು ಸಾಲು ಹಂಚಿ ಕಲಿಸುತ್ತಿದ್ದ. ಕೊನೆಯ ಎರಡು ವರ್ಷ ಕೈ ನಡುಗಿ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಹಾಡು ಹುಟ್ಟುವುದು ಮಾತ್ರ ನಿಲ್ಲಲಿಲ್ಲ. ಅವನು ಹಾಡಿದ್ದನ್ನು ಲೋಸೇಲಿ ಫೋನಿನಲ್ಲಿ ಹಿಡಿದು ಲ್ಯಾಪ್‌ಟಾಪಿಗೆ ತುಂಬಿಟ್ಟಳು. ನಿಧಾನವಾಗಿ ಅಂಕಿಗಳಲ್ಲಿ ಬರೆದು ಮೇಳಕ್ಕೆ ಕೊಡುವ ಯೋಚನೆ. ಹೋದ ಆಗಸ್ಟಿನಲ್ಲಿ ಅಪ್ಪ ತೀರಿಕೊಂಡ. ಅವಳು ಒಂದನ್ನೂ ಬರೆದಿರಲಿಲ್ಲ. ಆ ಫೋನು ಸಮುದ್ರಕ್ಕೆ ಬಿದ್ದಿತ್ತು. ಹಾಡುಗಳು ಬೇರೆಲ್ಲೂ ಇರಲಿಲ್ಲ.

"ಎಷ್ಟು ಹಾಡಿದೆ?"

"ಬಹಳ ಅಂದ್ಲು. ನಾನು ಎಣಿಸೋಕೆ ಹೋಗ್ಲಿಲ್ಲ. ನಾಳೆ ಸಂಜೆ ಅವಳು ಮೇಳದ ಜೊತೆ ಹಡಗು ಹತ್ತುತ್ತಾಳೆ, ನುಕುಅಲೋಫದ ಚರ್ಚ್ ಸಮ್ಮೇಳನಕ್ಕೆ. ಬರೋದ್ರೊಳಗೆ ಮಾಡಿಡು."

ಅತ್ತೆ ಹೋದ ಮೇಲೆ ಫಿಲಿಮೋನೆ ಲ್ಯಾಪ್‌ಟಾಪಿನ ಮುಚ್ಚಳ ತೆರೆಯಲಿಲ್ಲ. ತಿರುವಿ ಹಾಕಿ, ಸ್ಕ್ರೂ ಬಿಚ್ಚಿ, ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದ. ತನ್ನ ಯಂತ್ರಕ್ಕೆ ಸಿಕ್ಕಿಸಿ ಕಿವಿಗೊಟ್ಟು ಕೇಳಿದ. ಒಳಗೆ ತಿರುಗುವ ತಟ್ಟೆಯ ಮೇಲೆ ತಾಗದ ಹಾಗೆ ಓಡಾಡಿ ಓದುವ ಒಂದು ಸಣ್ಣ ತೋಳಿರುತ್ತದೆ. ಅದು ದಾರಿ ತಪ್ಪಿ ಮತ್ತೆ ಮತ್ತೆ ಮೊದಲಿನ ಜಾಗಕ್ಕೆ ಬರುವ ಸದ್ದೇ ಆ ಟಿಕ್ ಟಿಕ್. ಇಂಥ ಡಿಸ್ಕಿನ ವಿಷಯದಲ್ಲಿ ಅವನದು ಒಂದೇ ಪಾಠ: ಒಳಗೆ ಏನಿದೆ ಎಂದು ಇಣುಕಬಾರದು. ಇಣುಕಿದಷ್ಟೂ ಅದು ಸುಸ್ತಾಗುತ್ತದೆ. ಈ ತುದಿಯಿಂದ ಆ ತುದಿಯವರೆಗೆ ಸುಮ್ಮನೆ ಓದಿಸಿ ಹೊಸ ಡಿಸ್ಕಿಗೆ ಇಳಿಸಬೇಕು, ಓದದ ಕಡೆ ಬಿಟ್ಟು ಮುಂದೆ ಹೋಗಬೇಕು. ನೋಡುವುದೇನಿದ್ದರೂ ನಕಲಿನಲ್ಲಿ. ಹಾಯಿದೋಣಿಗಳಲ್ಲಿ ಬರುವ ಬಿಳಿಯರ ಎಷ್ಟೋ ಡಿಸ್ಕುಗಳನ್ನು ಅವನು ಹೀಗೆ ಉಳಿಸಿಕೊಟ್ಟಿದ್ದ. ಈ ಪಾಠ ತಮ್ಮನಾದವನಿಗೂ ಅನುಕೂಲವಾಗಿತ್ತು.

ಆಕ್ಲೆಂಡಿನಲ್ಲಿ ಇದಕ್ಕೆಂದೇ ದೊಡ್ಡ ಲ್ಯಾಬ್ ಇದೆ. ಅಲ್ಲಿಗೆ ಕಳಿಸಬಹುದಿತ್ತು. ಅಲ್ಲಿ ಯಾರೋ ಗಂಡಸು ಅಕ್ಕನ ಪತ್ರ, ಅಕ್ಕನ ಫೋಟೋ ಎಲ್ಲ ನೋಡುತ್ತಾನೆ ಎಂದು ನೆನೆದೇ ಫಿಲಿಮೋನೆ ಆ ಯೋಚನೆ ಬಿಟ್ಟ. ಅದು ಅವನ ಮೊದಲ ತಪ್ಪು.

ಗುರುವಾರ ಬೆಳಿಗ್ಗೆ ಅಂಗಡಿ ತೆಗೆದಾಗ ನೂರರಲ್ಲಿ ಹದಿನೇಳು ಪಾಲು ಇಳಿದಿತ್ತು. ಬುಧವಾರ ಮಧ್ಯಾಹ್ನಕ್ಕೇ ಹದಿನಾರೂವರೆ ಆಗಿತ್ತು. ಟಿಕ್ ಟಿಕ್ ಮಧ್ಯೆ ಹಲ್ಲು ಕಡಿದಂಥ ಇನ್ನೊಂದು ಸದ್ದು ಸೇರಿಕೊಂಡಿತ್ತು. ಈ ನಡಿಗೆಯಲ್ಲಿ ಪೂರ್ತಿ ಇಳಿಯಲು ತಿಂಗಳುಗಳೇ ಬೇಕು, ಡಿಸ್ಕಿಗೆ ಉಳಿದಿರುವುದು ಕೆಲವೇ ಗಂಟೆ. ಇನ್ನು ನೇರವಾಗಿ ಒಳಗೆ ಹೋಗಿ ಹಾಡುಗಳಿರುವ ಫೋಲ್ಡರುಗಳನ್ನಷ್ಟೇ ಎತ್ತಿಕೊಂಡು ಬರಬೇಕು. ಅದಕ್ಕೆ ಪಟ್ಟಿ ನೋಡಬೇಕು. ಯಾವುದು ಅಂತ ಅಕ್ಕನನ್ನು ಕೇಳಿಸೋಣವೆಂದರೆ ಹಡಗು ನೀರಿನ ಮೇಲಿತ್ತು, ಫೋನು ಸಿಗುತ್ತಿರಲಿಲ್ಲ.

ಅವನು ಅತ್ತೆಯನ್ನು ಕರೆಸಿದ.

"ನೀವು ಪರದೆ ನೋಡಿ. ನಾನು ಆ ಕಡೆ ತಿರುಗಿ ಕೂರ್ತೀನಿ. ಸಾಲಿನ ಸಂಖ್ಯೆ ಹೇಳಿ, ಹೆಸರು ಹೇಳಿ, ಸಾಕು."

"ಬೆನ್ನು ಹಾಕಿಕೊಂಡು ರಿಪೇರಿ ಮಾಡೋನು ಟೋಂಗಾದಲ್ಲಿ ನೀನೊಬ್ಬನೇ ಇರಬೇಕು," ಅಂದಳು ಅತ್ತೆ. ಆದರೂ ಅವಳ ಮುಖದಲ್ಲಿ ಸಮಾಧಾನವಿತ್ತು. ಹುಡುಗನನ್ನು ಸರಿಯಾಗಿ ಬೆಳೆಸಿದ್ದೇವೆ ಎನ್ನುವ ಸಮಾಧಾನ.

ಫಿಲಿಮೋನೆ ಕೀಬೋರ್ಡ್ ತೊಡೆಯ ಮೇಲಿಟ್ಟುಕೊಂಡು ಬಂದರಿನ ಕಡೆ ಮುಖ ಮಾಡಿದ. ಅತ್ತೆ ಕನ್ನಡಕ ಏರಿಸಿ ಬೆರಳಿಟ್ಟು ಓದತೊಡಗಿದಳು.

"ಒಂದು, ಶಾಲೆ. ಎರಡು, ಪರೀಕ್ಷೆ. ಮೂರು..." ನಿಂತಳು.

"ಮೂರು?"

"ಮೂರು ನಿನಗ್ಯಾಕೆ."

"ಹಾಡಿರಬಹುದು ಅತ್ತೆ."

"ರವಿಕೆ ಹೊಲಿಸೋ ಅಳತೆಯಲ್ಲಿ ಎಂಥಾ ಹಾಡೋ ಇರುತ್ತೆ?" ಹೇಳಿದ ಮೇಲೆ ಅತ್ತೆ ನಾಲಿಗೆ ಕಚ್ಚಿಕೊಂಡಳು. "ನೀನು ಕೇಳಿಸ್ಕೊಳ್ಳಲಿಲ್ಲ."

"ಏನನ್ನ?"

"ಜಾಣ."

ಅಲ್ಲಿಂದ ಅವಳು ಹುಷಾರಾದಳು. ಒಂದೊಂದು ಸಾಲನ್ನೂ ಮೊದಲು ಮನಸ್ಸಿನಲ್ಲಿ ಓದಿಕೊಂಡು, ತಮ್ಮನ ಕಿವಿಗೆ ಬೀಳಬಹುದಾದ್ದು ಎಂದು ಖಾತ್ರಿಯಾದ ಮೇಲೆಯೇ ಬಾಯಿ ಬಿಟ್ಟಳು.

"ನಾಲ್ಕು, ಅಪ್ಪ, ಕ್ರಿಸ್‌ಮಸ್. ಐದು, ಅಪ್ಪ, ಮಕ್ಕಳ ಭಾನುವಾರ. ಆರು, ಅಪ್ಪ, ಸಾವಿನ ಮನೆ. ಎಂಟು, ಅಪ್ಪ, ಬರೀ ಗುನುಗು. ಅಷ್ಟೇ. ಆಮೇಲೆಲ್ಲ ಲೆಕ್ಕಪತ್ರ."

ಏಳು ಬರಲಿಲ್ಲ ಎನ್ನುವುದು ಫಿಲಿಮೋನೆಗೆ ಗೊತ್ತಾಯಿತು. ಅವನು ಕೇಳಲಿಲ್ಲ. ಅಕ್ಕನ ಏಳನೇ ಸಾಲು ಏನೆಂದು ಕೇಳುವುದು ತಮ್ಮನ ಲಕ್ಷಣವಲ್ಲ.

ನಾಲ್ಕು, ಐದು, ಆರು, ಎಂಟು. ಒಂದೊಂದೇ ಬರೆದು ಬಟನ್ ಒತ್ತಿದ. ಹಾಡುಗಳು ಇರುವೆ ಸಾಲಿನ ಹಾಗೆ ಬಂದವು. ಮಧ್ಯೆ ಡಿಸ್ಕು ಎರಡು ಸಲ ಸುಮ್ಮನಾಯಿತು. ಎರಡು ಸಲವೂ ಅತ್ತೆ ಕಣ್ಣು ಮುಚ್ಚಿ ತುಟಿ ಆಡಿಸಿದಳು. ಮೂರು ಗಂಟೆಗೆ ಎಲ್ಲ ಮುಗಿಯಿತು. ಅರವತ್ತನಾಲ್ಕು ಹಾಡು.

"ಇನ್ನೇನಾದ್ರೂ ಉಳಿದಿದೆಯಾ ಅತ್ತೆ?"

"ನಿನ್ನಪ್ಪನ ಹೆಸರಿಂದು ಎಲ್ಲ ಬಂತು."

ಉಳಿದದ್ದನ್ನು ಮೊದಲಿನ ಹಾಗೆ ಸುಮ್ಮನೆ ಓದಲು ಬಿಟ್ಟ. ನಾಲ್ಕೂಕಾಲಿಗೆ ತಗಡು ಕೆರೆದ ಹಾಗೆ ಒಂದು ಸದ್ದು ಬಂತು. ಆಮೇಲೆ ಸದ್ದಿರಲಿಲ್ಲ. ಇಬ್ಬರೂ ಅತ್ತೆ ಅವತ್ತು ತಂದಿದ್ದ ಊಟವನ್ನು ಬಿಸಿ ಮಾಡಿ ತಿಂದರು. ಅತ್ತೆ ಸಾವಿನ ಮನೆಯ ಹಾಡೊಂದನ್ನು ಹಾಕಿಸಿಕೊಂಡು, "ನೋಡು, ಇಲ್ಲಿ ಕೆಮ್ಮುತ್ತಾನೆ, ಕೆಮ್ಮೂ ತಾಳದಲ್ಲೇ ಇದೆ," ಅಂದು ಮಾಂಸ ಚೀಪುತ್ತಲೇ ಕಣ್ಣೊರೆಸಿಕೊಂಡಳು.

ಶುಕ್ರವಾರ ಬೆಳಿಗ್ಗೆ ಲೋಸೇಲಿಯ ಫೋನು ಅತ್ತೆಗೆ ಬಂತು. ಸುದ್ದಿಯನ್ನು ಇಬ್ಬರ ಮಧ್ಯೆ ನಿಂತೇ ಹೇಳಬೇಕೆಂದು ಅತ್ತೆ ಅಂಗಡಿಗೆ ಬಂದು ಕಾಯುತ್ತಿದ್ದಳು.

"ಬಂತು ಮಗಳೇ. ಅರವತ್ತನಾಲ್ಕು. ನಿನ್ನ ತಮ್ಮ ಒಂದನ್ನೂ ಬಿಟ್ಟಿಲ್ಲ." ಆಮೇಲೆ ಅವಳು ಕೇಳುತ್ತಾ ನಿಂತಳು. ಬಹಳ ಹೊತ್ತು ಕೇಳುತ್ತಾ ನಿಂತಳು. "ಏಳನೇದಾ?" ಅಂದಳು. "ಅದಕ್ಕೆ ಬರೀ 'ನನ್ನ ಕೋಣೆ' ಅಂತ ಹೆಸರಿತ್ತಲ್ಲೇ. ನಾನು ಹೇಗೆ ಓದ್ಲಿ ಅವನಿಗೆ?"

ಫಿಲಿಮೋನೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

ಕೊನೆಯ ಐದು ತಿಂಗಳು ಅಪ್ಪನನ್ನು ಅಕ್ಕನ ಕೋಣೆಯಲ್ಲಿ ಮಲಗಿಸಿದ್ದರು. ಗಾಳಿ ಬರುವ ಕೋಣೆ ಅದೊಂದೇ. ಅಕ್ಕ ಹಜಾರಕ್ಕೆ ಹೋದಳು. ಅಪ್ಪ ಮಲಗಿದ್ದರೂ ಅದು ಅಕ್ಕನ ಕೋಣೆಯೇ. ಭಾನುವಾರ ನಾಲ್ಕು ಜನ ಅಪ್ಪನನ್ನು ಹಜಾರಕ್ಕೆ ಎತ್ತಿ ತಂದಾಗ ಫಿಲಿಮೋನೆ ಪಕ್ಕದಲ್ಲಿ ಕೂರುತ್ತಿದ್ದ. ಉಳಿದ ದಿನ ಸಂಜೆ ಅಂಗಡಿ ಮುಚ್ಚಿ ಬಂದು, ಆ ಕೋಣೆಯ ಕಿಟಕಿಯ ಕೆಳಗೆ ಹೊರಗಿನ ಹಲಗೆಯ ಮೇಲೆ ಕೂರುತ್ತಿದ್ದ. ಒಳಗಿನಿಂದ ಅಪ್ಪ ಕೆಳದನಿ ಹಾಡುತ್ತಿದ್ದ. ಹೊರಗಿನಿಂದ ಇವನು ಮೇಲುದನಿ ಸೇರಿಸುತ್ತಿದ್ದ. ತಪ್ಪಿದರೆ ಒಳಗಿನಿಂದ ಗೋಡೆಗೆ ಕೋಲು ಬಡಿಯುವ ಸದ್ದು.

ಅತ್ತೆ ಫೋನನ್ನು ಎದೆಗೆ ಒತ್ತಿಕೊಂಡು ಇವನ ಕಡೆ ತಿರುಗಿದಳು. "ಫೋನನ್ನ ಕಿಟಕಿಯ ಮೇಲೆ ಇಡ್ತಿದ್ಲಂತೆ. ನಿನ್ನ ದನಿನೂ ಬರ್ಲಿ ಅಂತ. ಇಪ್ಪತ್ತಮೂರು ಹಾಡಂತೆ."

ಅವನು ಡಿಸ್ಕನ್ನು ಮತ್ತೆ ಸಿಕ್ಕಿಸಿದ. ತಿರುಗಲಿಲ್ಲ. ಅವನು ಮೊದಲೇ ಕಳಿಸಬೇಕಿದ್ದ ಆಕ್ಲೆಂಡಿಗೇ ಶನಿವಾರದ ವಿಮಾನದಲ್ಲಿ ಕಳಿಸಿದ. ತಟ್ಟೆ ಕೆರೆದು ಹೋಗಿದೆ, ಏನೂ ಉಳಿದಿಲ್ಲ ಎಂದು ಆಮೇಲೆ ಎರಡು ಸಾಲಿನ ಉತ್ತರ ಬಂತು.

ಮೊದಲ ಎರಡು ದಿನ ಇಳಿಸಿಕೊಂಡ ಹದಿನೇಳು ಪಾಲಿನಲ್ಲಿ ಒಂದಷ್ಟು ಧ್ವನಿಯ ತುಣುಕುಗಳಿದ್ದವು. ಅವಕ್ಕೆ ಹೆಸರಿರಲಿಲ್ಲ. ಹಾಡೋ, ಅಕ್ಕ ಯಾರಿಗೋ ಹೇಳಿದ ಮಾತೋ, ಕೇಳದೆ ಗೊತ್ತಾಗುವಂತಿರಲಿಲ್ಲ. ಅತ್ತೆ ಆ ವಿಷಯವನ್ನು ಲೋಸೇಲಿಗೆ ಫೋನಿನಲ್ಲಿ ಹೇಳಿದಳು.

"ಕೇಳ್ಲಿ ಅಂದ್ಲು," ಅಂದಳು ಅತ್ತೆ. "ಇನ್ನೂ ಒಂದು ಮಾತು ಅಂದ್ಲು. ಹೇಳ್ಲಾ?"

"ಹೇಳಿ."

"ಕೇಳಬೇಕಾದ್ದು ಕೇಳದೆ ಕೂತ ಕತ್ತೆ ನೀನು ಅಂತೆ. ನಾನು ಅದಕ್ಕಿಂತ ವಯಸ್ಸಾದ ಕತ್ತೆಯಂತೆ." ಅತ್ತೆ ಹೆಗಲನ್ನು ಒಮ್ಮೆ ಕೊಡವಿದಳು. "ಸಮ್ಮೇಳನಕ್ಕೆ ಹೋಗಿ ಬಾಯಿ ಬಂದಿದೆ ಅವಳಿಗೆ."

ಫಿಲಿಮೋನೆ ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಸಲ ಅಕ್ಕನ ಬೈಗುಳ ತಿಂದಿದ್ದ. ಅವನಿಗೆ ನಗು ಬಂತು, ತಡೆದುಕೊಂಡ. ಹೆಡ್‌ಫೋನ್ ಹಾಕಿ ಕೇಳಿದ. ತುಣುಕುಗಳಲ್ಲಿ ನಾಲ್ಕು ಹಾಡು ಪೂರ್ತಿಯಾಗಿದ್ದವು. ಅಪ್ಪನ ದನಿ ಹತ್ತಿರ, ತನ್ನ ದನಿ ದೂರ, ಮಧ್ಯೆ ಪಕ್ಕದ ಮನೆಯ ಹಂದಿ. ಮೂರನೆಯದರಲ್ಲಿ ಕೋಲಿನ ಸದ್ದೂ ಇತ್ತು.

ಲೋಸೇಲಿ ಮರುವಾರ, ಹೋದ ಹಡಗಿನಲ್ಲೇ ವಾಪಸು ಬಂದಳು. ಮಾರನೆಯ ಸಂಜೆ ಫಿಲಿಮೋನೆ ಅಂಗಡಿ ಮುಚ್ಚಿ, ಹೋಗಿ ಅದೇ ಹಲಗೆಯ ಮೇಲೆ ಕೂತ. ಯಾರೂ ಕರೆದಿರಲಿಲ್ಲ. ಒಳಗೆ ಅಕ್ಕ ಕಾಗದ, ಪೆನ್ಸಿಲು ಹಿಡಿದು ಕೂತಿದ್ದಳು. ಅತ್ತೆ ಬಾಗಿಲ ಹತ್ತಿರ, ಇಬ್ಬರಿಗೂ ಕಾಣುವ ಹಾಗೆ. ಅವನು ನೆನಪಿದ್ದಷ್ಟು ಮೇಲುದನಿ ಹಾಡಿದ. ಒಳಗೆ ಪೆನ್ಸಿಲು ಅಂಕಿ ಬರೆಯುವ ಸದ್ದು.

"ಅತ್ತೆ," ಅಂದಿತು ಒಳಗಿನ ದನಿ, "ಮೂರನೇ ಸಾಲು ಇನ್ನೊಂದು ಸಲ ಹಾಡೋಕೆ ಹೇಳಿ ಅವನಿಗೆ."

"ಕೇಳಿಸ್ತೇನೋ?"

"ಕೇಳಿಸ್ತು ಅತ್ತೆ."

"ಮತ್ತೆ ನಾನ್ಯಾಕೆ ಇಲ್ಲಿ ಸೊಳ್ಳೆ ಕಚ್ಚಿಸ್ಕೊಂಡು ಕೂತಿರೋದು," ಅಂದಳು ಅತ್ತೆ. ಆದರೆ ಎದ್ದು ಹೋಗಲಿಲ್ಲ.

ಅವನು ಮತ್ತೆ ಹಾಡಿದ. ಒಂದು ಕಡೆ ತಪ್ಪಿತು. ಒಳಗಿನಿಂದ ಗೋಡೆಗೆ ಯಾರೋ ಪೆನ್ಸಿಲಿನಿಂದ ಕುಟ್ಟಿದರು.

ಹನ್ನೊಂದು ಸಂಜೆ ಹೀಗೆ ಕೂತರು. ಆಮೇಲೆ ಅವನ ನೆನಪು ಮುಗಿಯಿತು. ಆ ಕೋಣೆಯಲ್ಲಿ ಹಿಡಿದಿಟ್ಟದ್ದು ಇಪ್ಪತ್ತಮೂರು ಹಾಡು. ಡಿಸ್ಕಿನಿಂದ ಬಂದದ್ದು ನಾಲ್ಕು. ನೆನಪಿನಿಂದ ಬಂದದ್ದು ಹದಿನಾಲ್ಕು, ಅವುಗಳಲ್ಲಿ ಅಪ್ಪನ ಕೆಳದನಿ ಇಲ್ಲ. ಐದು ಹೋದವು.