ಕೊಲ್ಲಾಪುರದಲ್ಲಿ ನಡೆಯುವ ಪಾಲಿಸಿ

ಲಗಮಪ್ಪ ಮೂವತ್ತಮೂರು ವರ್ಷ ಚಿಕ್ಕೋಡಿ ಕೋರ್ಟಿನಲ್ಲಿ ಬೇಲಿಫ್ ಆಗಿದ್ದ. ಸಮನ್ಸು, ನೋಟೀಸುಗಳನ್ನು ಚೀಲಕ್ಕೆ ಹಾಕಿಕೊಂಡು ಊರೂರು ತಿರುಗಿ, ಅವರವರ ಕೈಗೇ ಮುಟ್ಟಿಸಿ ಸಹಿ ಮಾಡಿಸಿಕೊಂಡು ಬರುವುದು ಅವನ ಕೆಲಸ. ದೂರದಿಂದ ಅವನ ಸೈಕಲ್ ಕಂಡರೆ ಸಾಕು, ಗಂಡಸರು ಹಿತ್ತಲ ಬಾಗಿಲಿನಿಂದ ಹೊರಬೀಳುತ್ತಿದ್ದರು. 2013ರ ಮೇ ತಿಂಗಳಲ್ಲಿ ನಿವೃತ್ತನಾಗಿ ಅಕ್ಕೋಳದ ಮನೆಗೆ ಬಂದು ಕುಳಿತ ಮೇಲೆ ಅದೇ ಜನ ಕರೆದು ಚಹಾ ಕೊಡತೊಡಗಿದರು. ಅದು ಅವನಿಗೆ ಬಹಳ ಹಿಡಿಸಿತು.

ಪಿಂಚಣಿ ಬರುತ್ತಿತ್ತು. ಹೆಂಡತಿ ಸುಂದ್ರವ್ವ ಹಾಲಿನ ಸಂಘದ ಸದಸ್ಯೆಯಾದ್ದರಿಂದ ಇಬ್ಬರಿಗೂ ಸಂಘದ ಆರೋಗ್ಯ ಕಾರ್ಡು ಇತ್ತು. ಅಷ್ಟಿದ್ದರೆ ಸಾಕೆಂದು ಇಬ್ಬರೂ ನಿಶ್ಚಿಂತರಾಗಿದ್ದರು.

ಶ್ರಾವಣದಲ್ಲಿ ಲಗಮಪ್ಪನ ಅಣ್ಣ ಮಲಕಾರಿಗೆ ಡೆಂಗಿ ಜ್ವರ ಬಂತು. ಕೊಲ್ಲಾಪುರದ ದವಾಖಾನೆಯಲ್ಲಿ ಒಂಬತ್ತು ದಿನ ಮಲಗಿ ಗುಣವಾಗಿ ಬಂದ. ಅವನ ಬಳಿಯೂ ಅದೇ ಕಾರ್ಡಿತ್ತು. ಆದರೆ ಅದು ಆಪರೇಷನ್‌ಗೆ ಮಾತ್ರ. ಬರೀ ಸಲೈನ್ ಏರಿಸಿಕೊಂಡು ಮಲಗಿದವನಿಗೆ ಅದರಿಂದ ಏನೂ ಸಿಗಲಿಲ್ಲ.

“ತಮ್ಮಾ, ಹೊಟ್ಟಿ ಕೊಯ್ಸ್ಕೊಂಡಿದ್ರ ಎಲ್ಲಾ ಫುಕಟ ಆಗ್ತಿತ್ತು ನೋಡು” ಎಂದು ಮಲಕಾರಿ ಹಾಸಿಗೆಯಲ್ಲೇ ನಕ್ಕ.

ಲಗಮಪ್ಪ ನಗಲಿಲ್ಲ. ಮರುದಿನವೇ ವಿಮೆ ಮಾಡಿಸುವ ಭರಮುವನ್ನು ಮನೆಗೆ ಕರೆಸಿದ. ಭರಮು ನಿಪ್ಪಾಣಿಯವನು, ಮಾತಿನ ಮಲ್ಲ. ಕಾರ್ಡಿನ ಜೊತೆಗೆ ಇನ್ನೊಂದು ಪಾಲಿಸಿ ಇರಲೇಬೇಕೆಂದು ಹೇಳಿ ಎರಡು ಬಣ್ಣದ ಕಾಗದ ಚಾಪೆಯ ಮೇಲೆ ಹರಡಿದ. ಒಂದು ಅಗ್ಗದ್ದು. ಇನ್ನೊಂದಕ್ಕೆ ಅದರ ಒಂದೂವರೆ ಪಟ್ಟು ಕಂತು.

“ಈ ಸ್ವಸ್ತದ್ದನ್ನ ತಗೋರಿ ಕಾಕಾ. ಬೆಂಗಳೂರಿನ ದೊಡ್ಡ ದೊಡ್ಡ ದವಾಖಾನಿ ಎಲ್ಲಾ ಇದರಾಗ ಅದಾವ್ರಿ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಸುಂದ್ರವ್ವನ ಕೈ ನಿಂತಿತು. “ನಮ್ಮೂರಾಗ ಜಡ್ಡ ಬಿದ್ದಾವ್ರು ಬೆಂಗಳೂರಿಗೆ ಯಾರು ಹೋಗ್ಯಾರಪಾ? ಎಲ್ಲಾರೂ ಕೊಲ್ಲಾಪುರಕ್ಕ, ಇಲ್ಲಂದ್ರ ಮಿರಜಿಗೆ ಓಡತಾರ. ಇದು ಅಲ್ಲಿ ನಡೀತೈತೇನು, ಅದನ್ನ ಹೇಳು.”

ಭರಮು ಪಟ್ಟಿಯನ್ನು ಹಿಂದೆ ಮುಂದೆ ತಿರುವಿದ. “ಕೇಳಿ ಹೇಳ್ತೀನ್ರಿ ಕಾಕು.”

“ನೀ ಕೇಳೂದು ಬ್ಯಾಡ,” ಎಂದ ಲಗಮಪ್ಪ. “ನಾನ ಹೋಗಿ ನೋಡ್ಕೊಂಡ ಬರ್ತೀನಿ.” ವಿಳಾಸ ಎಷ್ಟೇ ಸ್ಪಷ್ಟವಾಗಿರಲಿ, ಬಾಗಿಲು ಬಡಿದು ನೋಡುವವರೆಗೆ ನಂಬಬಾರದೆಂದು ಕೋರ್ಟಿನ ಕೆಲಸ ಅವನಿಗೆ ಕಲಿಸಿತ್ತು.

ಸೋಮವಾರ ಇಬ್ಬರೂ ಬಸ್ಸು ಹತ್ತಿದರು. ಮಲಕಾರಿ ಮಲಗಿದ್ದ ದವಾಖಾನೆಯಲ್ಲಿ ವಿಮೆಗೆಂದೇ ಒಂದು ಕಿಟಕಿ ಇತ್ತು. ಲಗಮಪ್ಪ ಸಾಲಿನಲ್ಲಿ ನಿಂತು, ಕಿಟಕಿಯ ಹುಡುಗಿಗೆ ಎರಡೂ ಕಾಗದ ತೋರಿಸಿ ಮರಾಠಿಯಲ್ಲಿ ವಿಚಾರಿಸಿದ. ಅಗ್ಗದ ಪಾಲಿಸಿ ಇಲ್ಲಿ ನಡೆಯುವುದೇ ಇಲ್ಲ ಎಂದಳು ಆಕೆ. ಇನ್ನೊಂದು ನಡೆಯುತ್ತದೆ, ತಿಂಗಳಿಗೆ ಹತ್ತಾರು ಜನ ಅದನ್ನೇ ತರುತ್ತಾರೆ. ಲಗಮಪ್ಪ ಅಷ್ಟಕ್ಕೇ ಬಿಡಲಿಲ್ಲ. ಕೋಣೆಯ ಬಾಡಿಗೆಗೆ ಮಿತಿ ಎಷ್ಟು, ಬರೀ ಜ್ವರಕ್ಕೂ ಕೊಡುತ್ತಾರೋ ಎಂದೆಲ್ಲ ಕೇಳಿ ಹಿಂದೆ ನಿಂತವರು ಗೊಣಗುವವರೆಗೆ ಕಿಟಕಿ ಬಿಡಲಿಲ್ಲ.

ಅಷ್ಟರಲ್ಲಿ ಸುಂದ್ರವ್ವ ಬೆಂಚಿನ ಮೇಲೆ ಕುಳಿತು ಭೋಜ ಊರಿನ ಜಿನಮತಿ ಎಂಬಾಕೆಯ ಗೆಳೆತನ ಮಾಡಿಕೊಂಡಿದ್ದಳು. ಜಿನಮತಿಯ ಗಂಡ ಎದೆನೋವು ಬಂದು ಒಳಗೆ ಮಲಗಿದ್ದ. ವಿಮೆ ಇತ್ತು, ಆದರೆ ಕಂಪನಿಯವರು ಕೊಡುವುದಿಲ್ಲವೆಂದಿದ್ದರು.

“ಇವರಿಗೆ ಹತ್ತ ವರ್ಷದಿಂದ ಸಕ್ರಿ ಜಡ್ಡ ಐತ್ರಿ ಅಕ್ಕಾ. ಫಾರ್ಮಿನ್ಯಾಗ ಇಲ್ಲಂತ ಬರಸಿದ್ರು. ಖರೇ ಬರದ್ರ ಕಂತು ಏರತೈತಂತ ಏಜಂಟ ಹೇಳಿದ್ನಂತ. ಈಗ ಡಾಕ್ಟರ ಚೀಟಿ ನೋಡಿ ಸುಳ್ಳ ಹೇಳೀರಿ ಅಂತಾರ.” ಜಿನಮತಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಹೋಗ್ಲಿ ಬಿಡ್ರಿ, ಮನಷ್ಯಾ ಉಳದಾನ. ನಾಳೆ ಮನಿಗೆ ಬಿಡ್ತಾರ.”

ಮರಳುವಾಗ ಸುಂದ್ರವ್ವ ಇದನ್ನೆಲ್ಲ ಹೇಳಿದಳು. ಲಗಮಪ್ಪ ಕಿಟಕಿಯಾಚೆ ನೋಡುತ್ತ ಕುಳಿತ.

ಗುರುವಾರ ಭರಮು ದುಬಾರಿ ಪಾಲಿಸಿಯ ಫಾರ್ಮು ತಂದು ತುಂಬಲು ಕುಳಿತ. ಹೆಸರು, ಹುಟ್ಟಿದ ದಿನ, ಎತ್ತರ, ತೂಕ ಬೇಗ ಮುಗಿದವು. ಲಗಮಪ್ಪನ ರೋಗಗಳ ಕಲಮಿನಲ್ಲಿ ಏನೂ ಇರಲಿಲ್ಲ.

“ತಂಬಾಕದ ಚಟ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ‘ಇಲ್ಲ’ ಎಂದು ಬರೆಯಹೊರಟ.

“ಇಲ್ಲ,” ಎಂದಳು ಸುಂದ್ರವ್ವ ಗಂಡನತ್ತ ನೋಡುತ್ತ. “ಬಿಟ್ಟು ಆರ ವರ್ಷ ಆತು.”

“ತಡಿ, ಬರೀಬ್ಯಾಡ,” ಎಂದ ಲಗಮಪ್ಪ. ಅವನ ಕಿವಿ ಕೆಂಪಾದವು. “ಸುಳ್ಳ ಸಾಕ್ಷಿ ಹೇಳಿದವರ ಹಣೇಬರ ಕೋರ್ಟಿನ್ಯಾಗ ಭಾಳ ನೋಡೀನಿ. ಹೌದಂತ ಬರಿ. ದಿನಾ ಒಂದ ಎರಡ ಸಲ. ದನದ ಕೊಟಗ್ಯಾಗ.”

ಸುಂದ್ರವ್ವ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಆರ ವರ್ಷದಿಂದ ನಿಮ್ಮ ಅಂಗಿ ಒಗ್ಯಾಕತ್ತಾಕಿ ಯಾರ್ರಿ? ಕಿಸೆದಾಗಿನ ಸುಣ್ಣ ನನಗ ಕಾಣೂದಿಲ್ಲೇನು? ನಿಮ್ಮ ಬಾಯಿಂದ ಬರ್ಲಿ ಅಂತ ಸುಮ್ಮನಿದ್ದೆ.”

ಭರಮುವಿಗೂ ನಗು ತಡೆಯಲಾಗಲಿಲ್ಲ. “ಈಗ ನಿಮ್ಮದ್ರಿ ಕಾಕು. ಬಿಪಿ, ಸಕ್ರಿ?”

ಸುಂದ್ರವ್ವನ ನಗು ಅಲ್ಲಿಗೇ ನಿಂತಿತು. ಎದ್ದು ಅಡುಗೆಮನೆಗೆ ಹೋದಳು. ಬೇಳೆಯ ಡಬ್ಬಿಯೊಳಗಿಂದ ಅರ್ಧ ಖಾಲಿಯಾದ ಗುಳಿಗೆಯ ಪಾಕೀಟು ತಂದು ಗಂಡನ ಮುಂದಿಟ್ಟಳು. “ಬಿಪಿದು. ಎರಡ ವರ್ಷ ಆತು. ಹೇಳಿದ್ರ ದುಡೀಬ್ಯಾಡಂತ ನೀವು ಎಮ್ಮಿ ಮಾರಿಬಿಡ್ತಿದ್ರಿ.”

“ಎರಡ ವರ್ಷ!” ಎಂದ ಲಗಮಪ್ಪ. ಸಿಟ್ಟಿಗೇಳಬೇಕೆಂದುಕೊಂಡವನಿಗೆ ತನ್ನ ಕಿಸೆಯ ಸುಣ್ಣದ ಡಬ್ಬಿ ನೆನಪಾಯಿತು. ಗುಳಿಗೆಯ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ಪಾಕೀಟನ್ನು ಭರಮುವಿಗೆ ಕೊಟ್ಟ. “ಬರಿ. ಎಮ್ಮಿ ಮಾರೂದಿಲ್ಲ, ಅದನ್ನೂ ಬೇಕಾದ್ರ ಬರಿ.”

“ಅದಕ್ಕ ಕಲಮ ಇಲ್ರಿ ಕಾಕಾ” ಎಂದ ಭರಮು.

ಕಂಪನಿಯವರು ಇಬ್ಬರನ್ನೂ ನಿಪ್ಪಾಣಿಯಲ್ಲಿ ತಪಾಸಣೆಗೆ ಕರೆಸಿದರು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಎದೆಗೆ ವಾಯರು ಹಚ್ಚಿಸಿಕೊಂಡು ಹೊರಬಂದವರು ನೇರ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗಿ ಎರಡೆರಡು ಪ್ಲೇಟು ಮಿಸಳ ತಿಂದರು.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಪಾಲಿಸಿ ಮಂಜೂರಾಗಿತ್ತು. ತಂಬಾಕಿಗಾಗಿ ಲಗಮಪ್ಪನ ಕಂತು ಸ್ವಲ್ಪ ಏರಿತ್ತು. ಸುಂದ್ರವ್ವನಿಗೆ ಬಿಪಿಯಿಂದ ಬರುವ ಕಾಯಿಲೆಗಳಿಗೆ ಮೂರು ವರ್ಷ ಏನೂ ಸಿಗದು, ಉಳಿದದ್ದಕ್ಕೆಲ್ಲ ಉಂಟು ಎಂದಿತ್ತು. ಲಗಮಪ್ಪ ಹದಿನಾಲ್ಕು ಪುಟವನ್ನೂ ಎರಡು ದಿನ ಕುಳಿತು ಓದಿದ. ತಿಳಿಯದ ಕಡೆ ಗೆರೆ ಎಳೆದು ಭರಮುವನ್ನು ಮೂರು ಸಲ ಕರೆಸಿದ. ಕೊನೆಗೆ ಎಲ್ಲ ಸರಿಯಿದೆ ಎಂದು ತೃಪ್ತಿಯಾದಾಗ ಕಂತು ಕಟ್ಟಿದ.

“ತುಟ್ಟಿ ಆತಲ್ರಿ?” ಎಂದಳು ಸುಂದ್ರವ್ವ.

“ಆಗ್ಲಿ. ರಾತ್ರಿ ನಿದ್ದಿ ಬರತೈತಿ.”

ತಪಾಸಣೆ ಮಾಡಿದ ಡಾಕ್ಟರು ಇಬ್ಬರಿಗೂ ದಿನಾ ಒಂದು ತಾಸು ನಡೆಯಲು ಹೇಳಿದ್ದರು. ದೀಪಾವಳಿ ಮುಗಿದ ಮೇಲೆ ಎಮ್ಮೆ ಹಿಂಡಿ, ಹಾಲು ಸಂಘಕ್ಕೆ ಕೊಟ್ಟು, ಇಬ್ಬರೂ ಕಬ್ಬಿನ ಹೊಲಗಳ ನಡುವಿನ ದಾರಿ ಹಿಡಿಯತೊಡಗಿದರು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಕೆಲಸವಿಲ್ಲದೆ ಹೀಗೆ ಜೊತೆಯಾಗಿ ನಡೆದದ್ದೇ ಇಲ್ಲ. ಮೊದಲ ದಿನ ನಾಚಿಕೆಯಿಂದ ಹತ್ತು ಮಾರು ಹಿಂದೆ ಉಳಿದಿದ್ದ ಸುಂದ್ರವ್ವ ವಾರ ಕಳೆಯುವಷ್ಟರಲ್ಲಿ ಮುಂದೆ ನಡೆಯತೊಡಗಿದ್ದಳು.

“ಸಾವಕಾಶ ನಡಿಯ, ನನಗ ದಮ್ ಹತ್ತಾಕತ್ತೈತಿ” ಎಂದು ಲಗಮಪ್ಪ ಕೂಗಿದ.

“ತಂಬಾಕ ಬಿಡ್ರಿ, ಹತ್ತೂದಿಲ್ಲ” ಎಂದು ಅವಳು ತಿರುಗಿಯೂ ನೋಡದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು.